ದೂರವಾದ ಮನೆಯಲ್ಲೂ ಆರದ ದೀಪ: ಪವಿತ್ರ ಕುಟುಂಬದ ಹಬ್ಬಕ್ಕೊಂದು ಚಿಂತನೆ



ಕ್ರಿಸ್ತಜಯಂತಿಯ ನಂತರದ ಭಾನುವಾರ ಧರ್ಮಸಭೆಯು ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತದೆ. ಮನೆಯ ಗೋದಲಿಯನ್ನು ಇನ್ನೂ ತೆಗೆದಿರುವುದಿಲ್ಲ. ನಕ್ಷತ್ರದ ದೀಪ ಬಾಗಿಲಲ್ಲಿ ಉರಿಯುತ್ತಲೇ ಇರುತ್ತದೆ. ಅಷ್ಟರಲ್ಲೇ ಸಂತ ಮತ್ತಾಯನ ಶುಭಸಂದೇಶ (೨:೧೩-೨೩) ನಮ್ಮನ್ನು ಬೆತ್ಲೆಹೇಮಿನಿಂದ ಈಜಿಪ್ಟಿಗೆ ಕರೆದೊಯ್ಯುತ್ತದೆ. ಸಂತ ಜೋಸೆಫರು ರಾತ್ರೋರಾತ್ರಿ ಎದ್ದು, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಪರದೇಶಕ್ಕೆ ಹೊರಟರು. ಅಲ್ಲಿ ಅವರಿಗೆ ಜೆರುಸಲೇಮಿನ ದೇವಾಲಯವಿರಲಿಲ್ಲ. ನಜರೇತಿನ ಪ್ರಾರ್ಥನಾಮಂದಿರವಿರಲಿಲ್ಲ. ಕಷ್ಟಸುಖ ಕೇಳುವ ನೆಂಟರಿರಲಿಲ್ಲ. ಇದ್ದದ್ದು ಒಂದು ಕುಟುಂಬ, ಅದರ ನಡುವೆ ದೇವರು.

ನಮ್ಮ ಧರ್ಮಕೇಂದ್ರಗಳಲ್ಲೂ ಇಂದು 'ಈಜಿಪ್ಟಿನಲ್ಲಿರುವ' ಕುಟುಂಬಗಳಿವೆ. ಅವರು ಹೆರೋದನಿಗೆ ಹೆದರಿ ಓಡಿದವರಲ್ಲ, ನಮ್ಮೊಂದಿಗೆ ಮನಸ್ತಾಪವಾಗಿ ದೂರ ಸರಿದವರು. ಬಲಿಪೂಜೆಗೆ ಬರುವುದಿಲ್ಲ, ಸಂಘಗಳಲ್ಲಿ ಕಾಣುವುದಿಲ್ಲ. ಅವರು ವಿಶ್ವಾಸವನ್ನೇ ಬಿಟ್ಟಿದ್ದಾರೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಹಾಗೆ ತೀರ್ಮಾನಿಸಿದವರಲ್ಲಿ ನಾನೂ ಒಬ್ಬ.

ಒಂದು ಮನೆಯ ಅನುಭವ

ಕೆಲವು ವರ್ಷಗಳ ಹಿಂದೆ ನಾನು ಪೀಣ್ಯದ ಕಡೆ ಸೇವೆಯಲ್ಲಿದ್ದೆ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಮಾಡುತ್ತಿದ್ದ ಒಬ್ಬರು, ಹಬ್ಬ ಮುಗಿದ ಮೇಲೆ ನಡೆದ ಸಭೆಯಲ್ಲಿ ತೇರಿನ ಖರ್ಚಿನ ಲೆಕ್ಕ ಕೇಳಿದರು. "ನೀನು ಎಷ್ಟು ಕೊಟ್ಟಿದ್ದೀಯ ಅಂತ ಲೆಕ್ಕ ಕೇಳ್ತೀಯ?" ಎಂದು ಒಬ್ಬರು ಎಲ್ಲರೆದುರು ಅಂದುಬಿಟ್ಟರು. ಅವರ ಮಗಳೂ ಅಲ್ಲೇ ಕುಳಿತಿದ್ದಳು. ಅವರು ಏನೂ ಮಾತನಾಡದೆ ಮಗಳ ಕೈಹಿಡಿದು ಎದ್ದುಹೋದರು. ಸಭೆ ನಡೆಸುತ್ತಿದ್ದ ನಾನೂ ಏನೂ ಮಾತನಾಡಲಿಲ್ಲ. ಸಿಟ್ಟು ಇಳಿದ ಮೇಲೆ ತಾವೇ ಬರುತ್ತಾರೆ ಎಂದುಕೊಂಡೆ. ಒಂದು ವಾರ ಒಂದು ತಿಂಗಳಾಯಿತು, ಒಂದು ತಿಂಗಳು ಎರಡು ವರ್ಷವಾಯಿತು.

ಒಂದು ಸಂಜೆ ಅವರ ನೆರೆಮನೆಯವರು ಫೋನ್ ಮಾಡಿ, ಆ ಮನೆಯ ಅಜ್ಜಿಗೆ ತುಂಬ ಕಾಯಿಲೆ ಎಂದು ತಿಳಿಸಿದರು. ಅಳುಕುತ್ತಲೇ ಹೋದೆ. "ಸ್ತೋತ್ರ ಸ್ವಾಮಿ, ಒಳಗೆ ಬನ್ನಿ" ಎಂದು ಅಜ್ಜಿಯ ಸೊಸೆ ಬಾಗಿಲು ತೆರೆದರು. ಪೀಠದ ಮೇಲೆ ದೀಪ ಉರಿಯುತ್ತಿತ್ತು. ಆಗತಾನೆ ಜಪಸರ ಮುಗಿದಿತ್ತು. ಅಜ್ಜಿ ಪಾಪನಿವೇದನೆ ಮಾಡಿ, ಪರಮಪ್ರಸಾದವನ್ನೂ ವ್ಯಾಧಿಸ್ಥರ ಅಭ್ಯಂಗವನ್ನೂ ಸ್ವೀಕರಿಸಿದರು. ಹೊರಡುವಾಗ ಆ ತಾಯಿ ಹೇಳಿದ ಮಾತು ಇದು: "ಸ್ವಾಮಿ, ನಾವು ದೇವರನ್ನ ಬಿಟ್ಟಿಲ್ಲ. ನಿಮ್ಮ ಜೊತೆ ಮಾತು ಬಿಟ್ಟಿದ್ದೀವಿ ಅಷ್ಟೇ. ದಿನಾ ಜಪಸರದ ಕೊನೇಲಿ ನಿಮಗೋಸ್ಕರಾನೂ ಒಂದು ನಮೋ ಮರಿಯಾ ಹೇಳ್ತೀವಿ."

ನಾನು ತಲೆತಗ್ಗಿಸಿದೆ. ಆ ಮನೆಯಲ್ಲಿ ವಿಶ್ವಾಸ ಜೀವಂತವಾಗಿತ್ತು. ಆದರೆ ನಷ್ಟವೂ ಆಗಿತ್ತು. ಹನ್ನೊಂದು ವರ್ಷ ತುಂಬಿದ್ದರೂ ಮಗಳು ಇನ್ನೂ ಪ್ರಥಮ ಪರಮಪ್ರಸಾದ ಸ್ವೀಕರಿಸಿರಲಿಲ್ಲ. ದೊಡ್ಡವರ ಜಗಳದ ಬಡ್ಡಿಯನ್ನು ಆ ಮಗು ಕಟ್ಟುತ್ತಿತ್ತು.

ಬ್ರಹ್ಮಾವರ ಕಲಿಸುವ ಪಾಠ

ಇಂಥ ಒಡಕು ಒಂದು ಮನೆಗೆ ಮಾತ್ರ ಬರುವುದಲ್ಲ. ನಮ್ಮ ಕರ್ನಾಟಕದಲ್ಲೇ ಒಂದು ಇಡೀ ಸಮುದಾಯಕ್ಕೆ ಅದು ಬಂದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಕರಾವಳಿಯ ಕಥೋಲಿಕರ ಮೇಲೆ ಎರಡು ಅಧಿಕಾರಗಳಿದ್ದವು. ಒಂದು, ಪೋರ್ಚುಗಲ್ ರಾಜರ 'ಪದ್ರುವಾದೊ' ಹಕ್ಕಿನಂತೆ ಗೋವಾದ ಮಹಾಧರ್ಮಾಧ್ಯಕ್ಷರದು. ಇನ್ನೊಂದು, ರೋಮಿನ 'ಪ್ರೊಪಗಾಂಡ' ಸಂಸ್ಥೆಯ ಮೂಲಕ ನೇಮಕಗೊಂಡವರದು. ೧೮೮೬ರ ಜೂನ್ ೨೩ರಂದು ರೋಮ್ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವಾಗಿ, ಗೋವಾದ ಅಧೀನದಲ್ಲಿದ್ದ ಕೆನರಾದ ದೇವಾಲಯಗಳು ಮಂಗಳೂರಿಗೆ ಸೇರಿದವು. ತಲೆಮಾರುಗಳಿಂದ ಗೋವಾದ ಗುರುಗಳೊಂದಿಗೆ ಬಾಳಿದ್ದ ಬ್ರಹ್ಮಾವರದ ಸುತ್ತಲಿನ ಅನೇಕ ಕೊಂಕಣಿ ಕುಟುಂಬಗಳಿಗೆ ಇದು ಒಪ್ಪಿಗೆಯಾಗಲಿಲ್ಲ.

ಈ ವಿರೋಧದಲ್ಲಿ ಮುಂದಾಳಾದವರು ಗೋವಾದ ವೆರ್ಣಾದಲ್ಲಿ ಹುಟ್ಟಿದ ಗುರು ಆಂತೋನಿಯೊ ಫ್ರಾನ್ಸಿಸ್ಕೊ ಝೇವಿಯರ್ ಆಲ್ವಾರಿಸ್. ಅವರು ಕೇರಳದ ಮಲಂಕರ ಸಿರಿಯನ್ ಸಭೆಯನ್ನು ಸೇರಿ, ೧೮೮೯ರಲ್ಲಿ ಕೊಟ್ಟಾಯಂನಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಧರ್ಮಾಧ್ಯಕ್ಷರಾಗಿ ಅಭಿಷೇಕ ಹೊಂದಿದರು. ಬ್ರಹ್ಮಾವರದಲ್ಲಿ ಆ ಕುಟುಂಬಗಳನ್ನು ನೋಡಿಕೊಂಡವರು ಗುರು ರೋಕ್ ಝೆಫ್ರಿನ್ ನೊರೊನ್ಹಾ. ಒಂದೇ ಜಪ ಹೇಳುತ್ತಿದ್ದ ಅಣ್ಣತಮ್ಮಂದಿರು ಬೇರೆ ಬೇರೆ ದೇವಾಲಯಗಳಿಗೆ ಹೋಗತೊಡಗಿದರು. ಆಲ್ವಾರಿಸ್ ಗೋವಾದಲ್ಲಿ ಬಂಧನವನ್ನೂ ಅವಮಾನವನ್ನೂ ಅನುಭವಿಸಿ, ಬಡವರ ಮತ್ತು ರೋಗಿಗಳ ಸೇವೆ ಮಾಡುತ್ತಾ ೧೯೨೩ರಲ್ಲಿ ತೀರಿಕೊಂಡರು. ನೊರೊನ್ಹಾ ೧೯೩೬ರಲ್ಲಿ ತೀರಿಕೊಂಡರು. ಕಾಲಕ್ರಮದಲ್ಲಿ ಹಲವರು ಕಥೋಲಿಕ ಐಕ್ಯಕ್ಕೆ ಮರಳಿದರು. ಉಳಿದವರು ತಮ್ಮ ವಿಶ್ವಾಸವನ್ನು ಬಿಡದೆ ಕಾಪಾಡಿಕೊಂಡರು. ಬ್ರಹ್ಮಾವರದ ಸಂತ ಮರಿಯಮ್ಮನವರ ಆರ್ಥಡಾಕ್ಸ್ ದೇವಾಲಯ ಇಂದಿಗೂ ಆ ಸಮುದಾಯದ ಮನೆಯಾಗಿದೆ. ೨೦೧೦ರಲ್ಲಿ ಮಲಂಕರ ಆರ್ಥಡಾಕ್ಸ್ ಸಭೆಯು ಬ್ರಹ್ಮಾವರವನ್ನು ಧರ್ಮಪ್ರಾಂತ್ಯವನ್ನಾಗಿ ಮಾಡಿತು.

ಇದರಲ್ಲಿ ಯಾರದು ಸರಿ, ಯಾರದು ತಪ್ಪು ಎಂದು ತೀರ್ಪು ಕೊಡಲು ನಾನು ಇದನ್ನು ಬರೆಯುತ್ತಿಲ್ಲ. ಧರ್ಮಸಭೆಯೇ ಈ ವಿಷಯದಲ್ಲಿ ವಿನಯದಿಂದ ಮಾತನಾಡಿದೆ. ೧೯೬೪ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತ ಐಕ್ಯತೆಯ ಬಗ್ಗೆ ನೀಡಿದ ಆಜ್ಞಾಪತ್ರದಲ್ಲಿ ಎರಡು ವಿಷಯಗಳನ್ನು ಒಪ್ಪಿಕೊಂಡಿತು. ಒಡಕುಗಳಲ್ಲಿ ಎರಡೂ ಕಡೆಯವರ ತಪ್ಪಿರುವುದುಂಟು. ಅಗಲಿದ ಸಮುದಾಯದಲ್ಲಿ ಹುಟ್ಟಿ ಬೆಳೆದವರ ಮೇಲೆ ಅಗಲಿಕೆಯ ಪಾಪವನ್ನು ಹೊರಿಸಲಾಗದು. ೧೯೯೦ರ ಜೂನ್ ೩ರಂದು ಕಥೋಲಿಕ ಧರ್ಮಸಭೆ ಮತ್ತು ಮಲಂಕರ ಆರ್ಥಡಾಕ್ಸ್ ಸಭೆ ಕ್ರಿಸ್ತರ ಬಗೆಗಿನ ತಮ್ಮ ವಿಶ್ವಾಸ ಒಂದೇ ಎಂದು ಜಂಟಿಯಾಗಿ ಸಾರಿದವು. ೧೮೮೯ರಿಂದ ಲೆಕ್ಕ ಹಾಕಿದರೆ ನೂರಕ್ಕೂ ಹೆಚ್ಚು ವರ್ಷ. ಆದರೂ ಪರಮಪ್ರಸಾದದ ಮೇಜು ಇನ್ನೂ ಒಂದಾಗಿಲ್ಲ. ಬಿರುಕು ಬೀಳಲು ಒಂದು ದಿನ ಸಾಕು, ಅದನ್ನು ಮುಚ್ಚಲು ಮೊಮ್ಮಕ್ಕಳ ಕಾಲವೂ ಸಾಲದಾಗಬಹುದು. ಬ್ರಹ್ಮಾವರ ನಮಗೆ ಕಲಿಸುವುದು ಇದನ್ನೇ.

ನಗರದ ಅಂಚಿನಲ್ಲಿ

ನಮ್ಮ ಬೆಂಗಳೂರಿನ ಹೊರವಲಯದಲ್ಲಿ ದೂರವಾಗುವುದು ಇನ್ನೂ ಸುಲಭ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಿಗೆ ಜನ ನಾನಾ ಊರುಗಳಿಂದ ಬಂದಿದ್ದಾರೆ. ಬಾಡಿಗೆ ಮನೆ, ರಾತ್ರಿ ಪಾಳಿ, ಬೇರೆ ಬೇರೆ ಭಾಷೆ. ಹಳ್ಳಿಯಲ್ಲಿ ಎರಡು ವಾರ ದೇವಾಲಯಕ್ಕೆ ಬಾರದಿದ್ದರೆ ಯಾರಾದರೂ ಮನೆಗೆ ಬಂದು ವಿಚಾರಿಸುತ್ತಾರೆ. ಇಲ್ಲಿ ಎರಡು ವರ್ಷ ಬಾರದಿದ್ದರೂ ಪಾಳಿ ಬದಲಾಗಿರಬೇಕು, ಮನೆ ಬದಲಾಯಿಸಿರಬೇಕು ಎಂದುಕೊಳ್ಳುತ್ತೇವೆ. ಪೂಜೆಯ ಭಾಷೆ, ಸಂಘದ ಚುನಾವಣೆ, ಹಬ್ಬದ ಲೆಕ್ಕ, ಮಗಳ ಮದುವೆಯ ಬಗ್ಗೆ ಆಡಿದ ಒಂದು ಮಾತು ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಮನೆಯೊಂದು ಸದ್ದಿಲ್ಲದೆ ಕಳಚಿಕೊಳ್ಳುತ್ತದೆ.

ಧರ್ಮಸಭೆ ಏನು ಹೇಳುತ್ತದೆ?

ನೊಂದ ಕುಟುಂಬಗಳು ಕೆಲವು ವಿಷಯಗಳನ್ನು ಸ್ಪಷ್ಟವಾಗಿ ತಿಳಿದಿರಬೇಕು.

ಮೊದಲನೆಯದು: ಜ್ಞಾನಸ್ನಾನದ ಮುದ್ರೆ ಅಳಿಸಲಾಗದ್ದು. ಯಾವ ಸಂಘವೂ, ಯಾವ ಸಮಿತಿಯೂ ನಿಮ್ಮನ್ನು ಧರ್ಮಸಭೆಯಿಂದ ಹೊರಹಾಕಲಾರದು. ೧೯೮೩ರ ಧರ್ಮಸಭಾ ಕಾನೂನು ಸಂಹಿತೆಯ ೨೨೧ನೆಯ ನಿಯಮದ ಪ್ರಕಾರ, ಕಾನೂನಿಗೆ ಅನುಗುಣವಾಗಿ ಹೊರತು ವಿಶ್ವಾಸಿಗಳನ್ನು ಧರ್ಮಸಭೆಯ ದಂಡನೆಗಳಿಗೆ ಗುರಿಪಡಿಸುವಂತಿಲ್ಲ. 'ಇವರ ಮನೆಗೆ ಯಾರೂ ಹೋಗಬೇಡಿ' ಎಂಬ ಮಾತು ಜನರ ಬಹಿಷ್ಕಾರವೇ ಹೊರತು ಧರ್ಮಸಭೆಯ ಆಜ್ಞೆಯಲ್ಲ.

ಎರಡನೆಯದು: ಸಂಸ್ಕಾರಗಳನ್ನು ಸೂಕ್ತ ಸಮಯದಲ್ಲಿ, ಯೋಗ್ಯ ಸಿದ್ಧತೆಯಿಂದ ಕೇಳುವವರಿಗೆ, ಕಾನೂನಿನ ಅಡ್ಡಿಯಿಲ್ಲದಿದ್ದರೆ, ಗುರುಗಳು ನಿರಾಕರಿಸುವಂತಿಲ್ಲ (ನಿಯಮ ೮೪೩). ಸಮಿತಿಯೊಂದಿಗಿನ ಜಗಳ ಅಂಥ ಅಡ್ಡಿಯಲ್ಲ.

ಮೂರನೆಯದು: ಭಾನುವಾರದ ಬಲಿಪೂಜೆಯ ಕರ್ತವ್ಯವನ್ನು ಯಾವುದೇ ಕಥೋಲಿಕ ದೇವಾಲಯದಲ್ಲಿ ಪೂರೈಸಬಹುದು (ನಿಯಮ ೧೨೪೮). ನಮ್ಮ ದೇವಾಲಯದ ಮೆಟ್ಟಿಲು ಹತ್ತಲು ಮನಸ್ಸು ಬಾರದಿದ್ದರೆ ಪಕ್ಕದ ಧರ್ಮಕೇಂದ್ರಕ್ಕೆ ಹೋಗಿ. ಅದರಲ್ಲಿ ತಪ್ಪೇನೂ ಇಲ್ಲ. ಬಲಿಪೂಜೆಯನ್ನೇ ಬಿಡಬೇಡಿ.

ನಾಲ್ಕನೆಯದು: ಗುರುಗಳಿಲ್ಲದಿದ್ದಾಗ ಅಥವಾ ಬೇರೆ ಗಂಭೀರ ಕಾರಣದಿಂದ ಪೂಜೆಗೆ ಹೋಗಲು ಸಾಧ್ಯವಾಗದಿದ್ದಾಗ ಕುಟುಂಬವಾಗಿ ಪ್ರಾರ್ಥಿಸಬೇಕೆಂದು ಅದೇ ನಿಯಮ ಸಲಹೆ ನೀಡುತ್ತದೆ. ಕುಟುಂಬವನ್ನು ದ್ವಿತೀಯ ವ್ಯಾಟಿಕನ್ ಮಹಾಸಭೆ 'ಗೃಹಸಭೆ' ಎಂದು ಕರೆಯಿತು. ೨೦೨೦ರಲ್ಲಿ ಕೊರೊನಾದಿಂದಾಗಿ ದೇವಾಲಯಗಳ ಬಾಗಿಲು ಮುಚ್ಚಿದಾಗ ನಾವೆಲ್ಲರೂ ಇದನ್ನು ಕಂಡುಕೊಂಡೆವು. ಆಗ ಮನೆಯ ಪೀಠವೇ ನಮ್ಮನ್ನು ಹಿಡಿದುನಿಲ್ಲಿಸಿತು. ಆದರೆ ಬಾಗಿಲು ತೆರೆದ ದಿನ ನಮ್ಮ ಕಣ್ಣಲ್ಲಿ ನೀರು ಬಂದದ್ದೂ ನಿಜ. ಮನೆಯ ಜಪ ನಮ್ಮನ್ನು ಪರಮಪ್ರಸಾದದ ಕಡೆಗೆ ನಡೆಸುತ್ತದೆ, ಅದರ ಜಾಗವನ್ನು ತಾನು ಆಕ್ರಮಿಸುವುದಿಲ್ಲ.

ಐದನೆಯದು: ಲೆಕ್ಕ ಕೇಳುವುದು ಪಾಪವಲ್ಲ. ವಿಶ್ವಾಸಿಗಳು ಧರ್ಮಸಭೆಗೆ ಕೊಟ್ಟ ಕಾಣಿಕೆಯ ಲೆಕ್ಕವನ್ನು ಅವರಿಗೆ ಒಪ್ಪಿಸಬೇಕೆಂದು ೧೨೮೭ನೆಯ ನಿಯಮವೇ ಹೇಳುತ್ತದೆ. ಅಂದು ಆ ಸಭೆಯಲ್ಲಿ ನಾನು ಇದನ್ನು ಹೇಳಬೇಕಿತ್ತು. ಹೇಳಲಿಲ್ಲ.

ದೂರವಾದವರಿಗೆ ಒಂದು ಮಾತು

ನಿಮ್ಮ ನೋವು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗಬೇಡಿ. ಊಟದ ಹೊತ್ತಿನಲ್ಲಿ ಗುರುಗಳನ್ನು, ಸಂಘದವರನ್ನು ಬಯ್ಯುವ ಮನೆಯಲ್ಲಿ ಜಪಸರ ಎಷ್ಟು ದಿನ ಉಳಿದೀತು? ಪ್ರತಿ ಭಾನುವಾರ ಆ ದಿನದ ಶುಭಸಂದೇಶವನ್ನು ಮಕ್ಕಳಿಂದಲೇ ಓದಿಸಿ. ಅವರ ಜ್ಞಾನೋಪದೇಶವನ್ನೂ ಪ್ರಥಮ ಪರಮಪ್ರಸಾದವನ್ನೂ ಜಗಳಕ್ಕೆ ಒತ್ತೆ ಇಡಬೇಡಿ. ಸಿಟ್ಟಿನ ಭರದಲ್ಲಿ ಬೇರೆ ಸಭೆಗೆ ಸೇರಬೇಡಿ. ಸಿಟ್ಟಿನಲ್ಲಿ ದಾಟಿದ ಹೊಸಿಲನ್ನು ಮರಳಿ ದಾಟುವುದು ಕಷ್ಟ. ಗುರುಗಳೊಂದಿಗೆ ಮಾತನಾಡಲಾಗದಿದ್ದರೆ ಧರ್ಮಾಧ್ಯಕ್ಷರಿಗೆ ಒಂದು ಕಾಗದ ಬರೆಯಿರಿ. ಅದು ನಿಮ್ಮ ಹಕ್ಕು (ನಿಯಮ ೨೧೨).

ಸಂತ ಪೌಲ ಮತ್ತು ಬರ್ನಬರು ಮಾರ್ಕನ ವಿಷಯವಾಗಿ ತೀವ್ರವಾಗಿ ಜಗಳವಾಡಿ ಬೇರೆಯಾದರು (ಪ್ರೇ.ಕಾ. ೧೫:೩೯). ಇಬ್ಬರೂ ಕ್ರಿಸ್ತರ ಸೇವೆಯನ್ನು ಬಿಡಲಿಲ್ಲ. ಮುಂದೆ ಸೆರೆಯಲ್ಲಿದ್ದಾಗ ಪೌಲನು, ತನಗೆ ಸಹಾಯಕನಾಗಿರುವ ಅದೇ ಮಾರ್ಕನನ್ನು ಕರೆದುಕೊಂಡು ಬಾ ಎಂದು ತಿಮೊಥೇಯನಿಗೆ ಬರೆಯುತ್ತಾನೆ (೨ ತಿಮೊ. ೪:೧೧). ಸಂತರಿಗೂ ಸಮಾಧಾನಕ್ಕೆ ಕಾಲ ಬೇಕಾಯಿತು.

ಒಳಗಿರುವ ನಮಗೆ

ಯೊವಾನ್ನನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬ ದೃಷ್ಟಿ ಪಡೆದು, ಕಂಡದ್ದನ್ನು ಕಂಡಂತೆ ಹೇಳಿದ್ದಕ್ಕೆ ಬಹಿಷ್ಕಾರಕ್ಕೆ ಒಳಗಾಗುತ್ತಾನೆ. ಅವನ ಹೆತ್ತವರೇ ಹೆದರಿ ಜಾರಿಕೊಳ್ಳುತ್ತಾರೆ. ಅವನನ್ನು ಹೊರಹಾಕಿದ ಸುದ್ದಿ ಕೇಳಿದ ಯೇಸುಸ್ವಾಮಿ ಏನು ಮಾಡಿದರು? ಅವನು ತಾನಾಗಿ ಬರಲಿ ಎಂದು ಕಾಯಲಿಲ್ಲ, ತಾವೇ ಹೋಗಿ ಅವನನ್ನು ಕಂಡರು. ಕಾಣಿಕೆ ತಂದವನ ಮೇಲೆ ಸಹೋದರನಿಗೆ ಮನಸ್ತಾಪವಿದ್ದರೆ, ಕಾಣಿಕೆಯನ್ನು ಪೀಠದ ಬಳಿಯೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗಬೇಕೆಂದು ಅವರೇ ಕಲಿಸಿದ್ದಾರೆ (ಮತ್ತಾಯ ೫:೨೩-೨೪). ಹೋಗಬೇಕಾದವರು ಪೀಠದ ಬಳಿ ಇರುವವರು, ಅಂದರೆ ನಾವು.

ಆದ್ದರಿಂದ ಪ್ರತಿಯೊಂದು ಕಿರು ಕ್ರೈಸ್ತ ಸಮುದಾಯವೂ ಈ ಹಬ್ಬದಂದು ಒಂದು ಪ್ರಶ್ನೆ ಕೇಳಿಕೊಳ್ಳಲಿ: ನಮ್ಮ ಬೀದಿಯಲ್ಲಿ ಕಾಣೆಯಾದ ಮನೆ ಯಾವುದು? ಹಣ್ಣೋ ಹಬ್ಬದ ಕಜ್ಜಾಯವೋ ಹಿಡಿದು ಆ ಮನೆಗೆ ಹೋಗಿ. ವಾದ ಮಾಡಬೇಡಿ. ಉಪದೇಶವೂ ಬೇಡ. ಕುಳಿತು ಅವರ ಮಾತು ಕೇಳಿ, ಒಪ್ಪಿದರೆ ಅವರೊಂದಿಗೆ ಒಂದು ಪರಲೋಕ ಜಪ ಹೇಳಿ ಬನ್ನಿ.

ಆ ಪೀಣ್ಯದ ಮನೆಯ ಕಥೆ ಹೀಗೆ ಮುಂದುವರಿಯಿತು. ಮುಂದಿನ ಭಾನುವಾರ ಹಬ್ಬದ ಲೆಕ್ಕವನ್ನು ದೇವಾಲಯದ ಫಲಕದಲ್ಲಿ ಹಾಕಿಸಿದೆ. ಸಭೆಯಲ್ಲಿ ಸುಮ್ಮನಿದ್ದದ್ದು ನನ್ನ ತಪ್ಪೆಂದು ಪೂಜೆಯ ಕೊನೆಯಲ್ಲಿ ಎಲ್ಲರೆದುರು ಹೇಳಿದೆ. ಅಜ್ಜಿ ಆ ತಿಂಗಳೇ ಪ್ರಭುವಿನಲ್ಲಿ ನಿದ್ರಿಸಿದರು. ಅಂದು ಆ ಕಟುಮಾತು ಆಡಿದವರು ಶವಪೆಟ್ಟಿಗೆಗೆ ಹೆಗಲು ಕೊಡಲು ಬಂದರು. ಯಾರೂ ಬೇಡ ಎನ್ನಲಿಲ್ಲ. ಆದರೂ ಆ ಕುಟುಂಬ ನಮ್ಮ ದೇವಾಲಯಕ್ಕೆ ಮರಳಲಿಲ್ಲ, ಪಕ್ಕದ ಧರ್ಮಕೇಂದ್ರಕ್ಕೆ ಹೋಗತೊಡಗಿತು. ಮರುವರ್ಷ ಆ ಮಗು ಅಲ್ಲೇ ಪ್ರಥಮ ಪರಮಪ್ರಸಾದ ಸ್ವೀಕರಿಸಿತು. ನನ್ನನ್ನೂ ಕರೆದಿದ್ದರು. ಹೋಗಿ ಅವರೊಂದಿಗೆ ಬಲಿಪೂಜೆಯಲ್ಲಿ ಭಾಗಿಯಾದೆ.

ಹೆರೋದನು ಸತ್ತ ಮೇಲೆ ಪವಿತ್ರ ಕುಟುಂಬವೂ ಹೊರಟ ಊರಿಗೇ ಹಿಂದಿರುಗಲಿಲ್ಲ. ಬೆತ್ಲೆಹೇಮಿಗೆ ಬದಲಾಗಿ ನಜರೇತಿನಲ್ಲಿ ನೆಲೆಸಿತು. ದೇವರ ಜನರ ನಡುವೆ ಮರಳಿತು, ಅದೇ ಮುಖ್ಯ. ದೂರವಾದ ನಮ್ಮ ಮನೆಗಳೂ ಹಾಗೆಯೇ ಮರಳಲಿ. ಅಲ್ಲಿಯವರೆಗೆ ಆ ಮನೆಗಳ ದೀಪವನ್ನು ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಕಾಯಲಿ. ಆಮೆನ್.