ಹರಕು ಕಿವಿಯವಳ ನೆರೆಹೊರೆ

ಚಾಮುಂಡಿ ಬೆಟ್ಟವನ್ನು ಮೆಟ್ಟಿಲಲ್ಲಿ ಹತ್ತುವವರು, ದೊಡ್ಡ ದೇವರಾಜ ಒಡೆಯರ ಕಾಲದ ನಂದಿ ಸಿಗುವ ಮುಂಚೆ, ದಮ್ಮು ತೀರಿಸಿಕೊಳ್ಳಲು ಅಲ್ಲಲ್ಲಿ ಕೂರುತ್ತಾರೆ. ಅಂಥ ಒಂದು ಜಾಗದ ಕೆಳಗೆ, ಲಂಟಾನದ ಪೊದೆಗಳ ನಡುವಿನ ಬಂಡೆಗಳ ಮೇಲೆ, ಕೋತಿಗಳ ಗುಂಪೊಂದು ಬೆಳಗಿನ ಬಿಸಿಲು ಕಾಯಿಸುತ್ತದೆ. ಬಾನೆಟ್ ಮಕಾಕ್ ಎಂದು ಶಾಸ್ತ್ರದವರು ಕರೆಯುವ ಕೋತಿ ಇದು. ನೆತ್ತಿಯ ನಡುವೆ ಬೈತಲೆ, ಅಲ್ಲಿಂದ ಸುತ್ತಲೂ ಇಳಿದ ಕೂದಲ ಟೋಪಿ, ಉದ್ದನೆಯ ಬಾಲ. ದಕ್ಷಿಣ ಭಾರತದ ಆಚೆಗೆ ಇದರ ತವರಿಲ್ಲ. ನಮ್ಮ ಸಾಲುಮರಗಳಲ್ಲಿ, ದೇವಸ್ಥಾನದ ಗೋಪುರಗಳಲ್ಲಿ ನಾವು ಚಿಕ್ಕಂದಿನಿಂದ ನೋಡಿದ್ದು ಇದನ್ನೇ.

ಈ ಗುಂಪಿನಲ್ಲಿ ನಾನು ಹೆಚ್ಚು ನೋಡುವುದು ಒಬ್ಬಳನ್ನು. ಎಡಗಿವಿಯ ತುದಿ ಹರಿದು ಎರಡು ಸೀಳಾಗಿರುವುದರಿಂದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಅವಳ ಹೆಸರು ಹರಕು ಕಿವಿ. ಅವಳು ಗುಂಪಿನ ಮೇಲಿನ ಸಾಲಿನವಳಲ್ಲ. ಈ ಜಾತಿಯಲ್ಲಿ ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಕೊನೆಯವರೆಗೂ ಇರುತ್ತವೆ, ಗಂಡುಗಳು ದೊಡ್ಡವಾದ ಮೇಲೆ ಬೇರೆ ಗುಂಪು ಸೇರುತ್ತವೆ. ಹೆಣ್ಣುಗಳ ನಡುವೆ ಮೇಲು ಕೀಳಿನ ಸಾಲೊಂದಿದೆ, ಮಗಳು ಸಾಮಾನ್ಯವಾಗಿ ತಾಯಿಯ ಸ್ಥಾನದ ಹತ್ತಿರವೇ ನಿಲ್ಲುತ್ತಾಳೆ. ಅಂದರೆ ಹರಕು ಕಿವಿಗೆ ಮೇಲಿನವಳೊಬ್ಬಳ ದಬ್ಬಾಳಿಕೆ ಇದ್ದರೆ ಅದು ಈ ವರ್ಷದ್ದಲ್ಲ, ಬಹುಶಃ ಅವಳಮ್ಮನ ಕಾಲದ್ದು. ಮುಂದೆ ಅವಳ ಮಗಳಿಗೂ ಇದ್ದೀತು. ಗುಂಪು ಬಿಟ್ಟು ಒಂಟಿಯಾಗಿ ಬದುಕುವ ಹಾಗೂ ಇಲ್ಲ, ಈ ಬೆಟ್ಟದಲ್ಲಿ ಚಿರತೆಗಳಿವೆ. ಆಗದವರ ಜೊತೆಯಲ್ಲೇ ಏಳಬೇಕು, ಉಣ್ಣಬೇಕು, ರಾತ್ರಿ ಅದೇ ಕೊಂಬೆಗಳಲ್ಲಿ ಮಲಗಬೇಕು.

ಮನುಷ್ಯರಲ್ಲೂ ಎಷ್ಟೋ ಜನರ ಪಾಡು ಹೀಗೇ ಇದೆ. ಒಂದೇ ಸೂರಿನಡಿ ಇರುವ ಓರಗಿತ್ತಿ, ಕಚೇರಿಯ ಪಕ್ಕದ ಮೇಜಿನವನು, ಫೋನ್ ಎತ್ತಿದರೆ ಗಂಟೆಗಟ್ಟಲೆ ಗೋಳು ತೋಡಿಕೊಂಡು ನಮ್ಮನ್ನು ಬಸವಳಿಸುವ ನೆಂಟರು. ಬಿಟ್ಟು ಹೋಗಲಾಗದ ಕಡೆ ಬಾಳುವುದು ಹೇಗೆ ಎನ್ನುವುದೇ ನನ್ನನ್ನು ಈ ಬಂಡೆಯ ಹತ್ತಿರ ಕೂರಿಸಿರುವ ಪ್ರಶ್ನೆ.

ಹರಕು ಕಿವಿಗಿಂತ ಮೇಲಿನ ಸ್ಥಾನದವಳೊಬ್ಬಳನ್ನು ನಾನು ಹಿರಿಯಳು ಎಂದು ಬರೆದುಕೊಂಡಿದ್ದೇನೆ. ಮೈಕೈ ತುಂಬಿಕೊಂಡವಳು, ಮೊಗ ಕೆಂಪೇರಿದೆ, ಸುತ್ತ ಹೆಣ್ಣುಮಕ್ಕಳ ಬಳಗ. ಅವಳು ಬಂಡೆಯ ಮೇಲೆ ನಡೆದು ಬಂದರೆ ಕೂತವರು ಏಳುತ್ತಾರೆ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ನಿಧಾನವಾಗಿ ನೋಡುತ್ತ ಹೋದರೆ ಹಾಗಲ್ಲ. ಹಿರಿಯಳು ಬಂದಾಗಲೆಲ್ಲ ಹರಕು ಕಿವಿ ಏಳುವುದಿಲ್ಲ. ಕೆಲವೊಮ್ಮೆ ತನ್ನ ತಂಗಿಯೋ ಗೆಳತಿಯೋ ಆಗಿರಬಹುದಾದ ಇನ್ನೊಂದರ ಬೆನ್ನಿನ ಕೂದಲು ಬಿಡಿಸುತ್ತ ಕೂತೇ ಇರುತ್ತಾಳೆ, ಬೆರಳು ಒಂದು ಗಳಿಗೆಯೂ ನಿಲ್ಲುವುದಿಲ್ಲ. ಇನ್ನು ಕೆಲವೊಮ್ಮೆ ಹಿರಿಯಳು ದೂರದ ಬಂಡೆಯಿಂದ ಇಳಿಯುವಷ್ಟರಲ್ಲೇ ಎದ್ದು, ಓಡದೆ, ಪಕ್ಕಕ್ಕೆ ಸರಿದು, ಪೊದೆಯ ಆಚೆ ಹೋಗಿ ಬೆನ್ನು ತಿರುಗಿಸಿ ಕೂರುತ್ತಾಳೆ.

ಎರಡರ ವ್ಯತ್ಯಾಸ ನನಗೆ ಕಾಣಲು ಬಹಳ ಕಾಲ ಹಿಡಿಯಿತು. ಹಿರಿಯಳು ನೆಲ ನೋಡುತ್ತ, ಅಲ್ಲೊಂದು ಚಿಗುರು ಇಲ್ಲೊಂದು ಹುಳ ಹೆಕ್ಕುತ್ತ, ಬಾಲ ಸಡಿಲ ಬಿಟ್ಟು ಬಂದರೆ ಅದು ಬರೀ ಹಾದುಹೋಗುವ ನಡಿಗೆ. ಹುಬ್ಬು ಮೇಲೇರಿ, ನೆತ್ತಿಯ ಚರ್ಮ ಹಿಂದಕ್ಕೆ ಎಳೆದು, ಕಿವಿ ತಲೆಗೆ ಅಂಟಿ, ಬಾಯಿ ಅರ್ಧ ತೆರೆದು ನೇರ ದಿಟ್ಟಿಸಿ ಬಂದರೆ ಅದು ಏರಿ ಬರುವ ನಡಿಗೆ. ಹರಕು ಕಿವಿ ಓದುವುದು ಇದನ್ನು. ಅವಳ ಮಟ್ಟಿಗೆ ಹಿರಿಯಳ ಬರವು ಒಂದೇ ಬಗೆಯದಲ್ಲ, ಹಾಗಾಗಿ ಅವಳ ಉತ್ತರವೂ ಒಂದೇ ಅಲ್ಲ.

ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಇದೇ ಜಾತಿಯ ಕೋತಿಗಳನ್ನು ವರ್ಷಗಟ್ಟಲೆ ನೋಡಿ 1998ರಲ್ಲಿ ಒಂದು ಸೊಗಸಾದ ಸಂಗತಿ ಬರೆದರು. ಎರಡು ಹೆಣ್ಣುಗಳು ಒಂದರ ಮೈ ಒಂದು ಬಿಡಿಸುತ್ತ ಕೂತಿರುವಾಗ ಇಬ್ಬರಿಗಿಂತಲೂ ಮೇಲಿನವಳೊಬ್ಬಳು ಬಂದರೆ, ಬಹುಪಾಲು ಸಲ ಎದ್ದು ಹೋಗುವುದು ಆ ಇಬ್ಬರಲ್ಲಿ ಕೆಳಗಿನವಳು. ಇನ್ನೊಬ್ಬಳು ಕೂತೇ ಇರುತ್ತಾಳೆ. ಅಂದರೆ ಬಂದವಳ ಎದುರು ತನ್ನ ಸ್ಥಾನ ಯಾವುದು ಎನ್ನುವುದರ ಜೊತೆಗೆ, ಪಕ್ಕದವಳ ಸ್ಥಾನ ಯಾವುದು ಎನ್ನುವ ಲೆಕ್ಕವೂ ಅವುಗಳ ತಲೆಯಲ್ಲಿದೆ. ಬೇಡದ ಕಡೆ ಎದ್ದು ಹೋಗುವ ದಣಿವನ್ನು ಆ ಲೆಕ್ಕ ಉಳಿಸುತ್ತದೆ.

ದಣಿವು ನಿಜವಾದದ್ದು. ಒಂದು ಬೆಳಿಗ್ಗೆ ಯಾರೋ ಬೀಳಿಸಿಕೊಂಡ ಪುರಿ ಪೊಟ್ಟಣದ ಬಳಿ ಹಿರಿಯಳು ಹರಕು ಕಿವಿಯನ್ನು ಗದರಿ ಅಟ್ಟಿದಳು. ಇವಳು ಅಷ್ಟರಲ್ಲಿ ಎರಡೂ ಗಲ್ಲದ ಚೀಲಗಳಿಗೆ ಪುರಿ ತುಂಬಿಕೊಂಡಾಗಿತ್ತು. ಬಂಡೆಯ ಮರೆಗೆ ಹೋಗಿ ಕೂತಳು. ತಿನ್ನಲಿಲ್ಲ. ಮೊದಲು ಎಡ ತೋಳು ಕೆರೆದುಕೊಂಡಳು, ಆಮೇಲೆ ಪಕ್ಕೆ, ಮತ್ತೆ ಅದೇ ತೋಳು. ಉಗುರಿನ ಗೆರೆಗಳು ಕೂದಲ ನಡುವೆ ಬಿಳಿಚಿಕೊಂಡು ಕಂಡವು. ಹೇನಿನ ಕೆರೆತ ಇಷ್ಟು ಅವಸರದ್ದಲ್ಲ. ಮಕಾಕ್‌ಗಳನ್ನು ಅಧ್ಯಯನ ಮಾಡುವವರು ಜಗಳದ ಬೆನ್ನಿಗೆ ಬರುವ ಇಂಥ ಕೆರೆತವನ್ನು ಆತಂಕದ ಗುರುತೆಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ರೀಸಸ್ ಕೋತಿಗಳ ಎದೆಬಡಿತ ಅಳೆದು ನೋಡಿದವರಿಗೆ, ಮೇಲಿನ ಸ್ಥಾನದವರು ಹತ್ತಿರ ಬಂದರೆ ಸಾಕು, ಮುಟ್ಟದಿದ್ದರೂ ಬಡಿತ ಏರುವುದು ಕಂಡಿದೆ. ರಕ್ತಸಂಬಂಧಿಗಳು ಬಂದರೆ ಹಾಗೆ ಏರುವುದಿಲ್ಲ. ಕೆಲವರು ಕೋಣೆಯೊಳಗೆ ಬಂದರೆ ಹೊಟ್ಟೆ ತೊಳಸುತ್ತದೆ ಎಂದು ಹೇಳಿಕೊಳ್ಳುವವರಿಗೆ ಅತಿಸೂಕ್ಷ್ಮ ಸ್ವಭಾವ ಎಂದು ಹಣೆಪಟ್ಟಿ ಹಚ್ಚುವುದನ್ನು ನಾವು ಬಿಡಬೇಕು. ಅದು ಬಹಳ ಹಳೆಯ, ಮೈಯೊಳಗಿನ ಸತ್ಯ.

ಹರಕು ಕಿವಿಯ ಕೆರೆತ ನಿಂತದ್ದು ಅವಳ ಗೆಳತಿ ಬಂದು ಬೆನ್ನಿನ ಹಿಂದೆ ಕೂತಾಗ. ಗೆಳತಿ ಕತ್ತಿನ ಕೂದಲನ್ನು ಎರಡೂ ಕೈಯಲ್ಲಿ ಸರಿಸಿ, ಬೆರಳ ತುದಿಯಲ್ಲಿ ಏನನ್ನೋ ಹೆಕ್ಕಿ, ತುಟಿಗಳನ್ನು ಪಟಪಟ ಬಡಿದಳು. ಆಗ ಇವಳ ತಲೆ ಮುಂದಕ್ಕೆ ಬಾಗಿತು, ಕಣ್ಣು ಅರ್ಧ ಮುಚ್ಚಿತು. ಮುಂಗೈಯಿಂದ ಗಲ್ಲವನ್ನು ಹೊರಗಿನಿಂದ ಒತ್ತಿ ಪುರಿಯನ್ನು ಬಾಯಿಗೆ ತಂದುಕೊಂಡು ತಿನ್ನಲು ಶುರು ಮಾಡಿದಳು.

ಕೀನ್ಯಾದ ಹುಲ್ಲುಗಾವಲಿನಲ್ಲಿ ಬಬೂನ್‌ಗಳನ್ನು ದಶಕಗಟ್ಟಲೆ ನೋಡಿದ ರಾಬರ್ಟ್ ಸಪೋಲ್‌ಸ್ಕಿ, ಅವುಗಳ ರಕ್ತದಲ್ಲಿ ಒತ್ತಡದ ಹಾರ್ಮೋನನ್ನು ಅಳೆದವರು. ಎದುರಾಳಿಯ ಬರವಿನಲ್ಲಿ ಬೆದರಿಕೆ ಯಾವುದು, ಬೆದರಿಕೆ ಅಲ್ಲದ್ದು ಯಾವುದು ಎಂದು ಬೇರ್ಪಡಿಸಬಲ್ಲ ಗಂಡುಗಳಲ್ಲಿ ಆ ಹಾರ್ಮೋನಿನ ಮಟ್ಟ ಕಡಿಮೆ ಇತ್ತು. ಹತ್ತಿರದವರ ಒಡನಾಟ ಇದ್ದವುಗಳಲ್ಲೂ ಕಡಿಮೆ ಇತ್ತು. ಎದುರಾಳಿ ದೂರದಲ್ಲಿ ಮಲಗಿ ಆಕಳಿಸಿದರೂ ಸಿಡಿಮಿಡಿಗೊಳ್ಳುವ ಗಂಡುಗಳ ಮೈ ಸವೆಯುತ್ತಿತ್ತು. ಬಂಡೆಯ ಹತ್ತಿರ ನಾನು ನೋಡುತ್ತಿರುವುದೂ ಇದೇ ಎಂದು ನನ್ನ ನಂಬಿಕೆ.

ಮೆಟ್ಟಿಲ ಬುಡದಲ್ಲಿ ಹೂ ಮಾರುವ ಹೆಂಗಸೊಬ್ಬರು ಕೋತಿ ಶಾಸ್ತ್ರ ಓದದೆ ಇದನ್ನು ಬಲ್ಲರು. ಪಕ್ಕದಲ್ಲಿ ತೆಂಗಿನಕಾಯಿ, ಊದುಬತ್ತಿ ಇಟ್ಟುಕೊಂಡವನು ದಿನಾ ಬೆಳಿಗ್ಗೆ ಜಾಗದ ವಿಷಯಕ್ಕೆ ತಕರಾರು ತೆಗೆಯುತ್ತಾನೆ. ಕೆಟ್ಟ ಮಾತುಗಳೂ ಇರುತ್ತವೆ. ಆಕೆ ಬಾಳೆನಾರು ಹಲ್ಲಿನಲ್ಲಿ ಕಚ್ಚಿ, ಕಾಕಡ ಮೊಗ್ಗು ಎರಡೆರಡು ಜೋಡಿಸಿ ಗಂಟು ಹಾಕುತ್ತ ಇರುತ್ತಾರೆ, ತಲೆ ಎತ್ತುವುದಿಲ್ಲ. ದಿನಾ ಹೇಗೆ ತಡ್ಕೋತೀರಕ್ಕ ಎಂದು ಕೇಳಿದೆ.

“ಬೋಣಿ ಆಗೋಗಂಟ ಅಷ್ಟೇಯ ಸಾ ಅವನ ಕೂಗಾಟ. ಮನೇಲಿ ಏನು ತಾಪತ್ರಯವೋ. ಎಲ್ಡು ಕಾಯಿ ಹೋದ್ರೆ ಅವನೇ ಬಂದು ಟೀ ಕುಡಿಯಕ್ಕ ಅಂತಾನೆ. ನನ್ ಪುಟ್ಟಿ ಮ್ಯಾಲೆ ಕೈ ಇಟ್ರೆ ಮಾತ್ರ ಎದ್ ನಿಂತ್ಕತೀನಿ. ಆಗ ಈ ಸಾಲ್ನೋರೆಲ್ಲ ಏಳ್ತಾರೆ.”

ಒಮ್ಮೆ ಹಾಗೆ ಎದ್ದು ನಿಂತದ್ದನ್ನು ಸಾಲಿನ ಇನ್ನೊಬ್ಬರು ಆಮೇಲೆ ಹೇಳಿದರು. ಅವನು ಹೂವಿನ ಪುಟ್ಟಿಯನ್ನು ಕಾಲಿನಿಂದ ಸರಿಸಿದ್ದ. ಆ ಮಧ್ಯಾಹ್ನದಿಂದ ಪುಟ್ಟಿಯನ್ನು ಯಾರೂ ಮುಟ್ಟಿಲ್ಲ. ಮಾತನ್ನು ಹೋಗಗೊಡುವುದು, ಕೈಯನ್ನು ಹೋಗಗೊಡದಿರುವುದು, ಈ ಗೆರೆ ಆಕೆಗೆ ಸ್ಪಷ್ಟವಾಗಿದೆ. ಎಲ್ಲವನ್ನೂ ಸಹಿಸಿಕೊಂಡು ಹೋಗು ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವವರು ಈ ಗೆರೆಯನ್ನು ಅಳಿಸಿಬಿಡುತ್ತಾರೆ, ಅದು ನನಗೆ ಸಿಟ್ಟು ತರಿಸುವ ವಿಷಯ. ಕೈ ಎತ್ತುವವರ ಮನೆಯಲ್ಲಿ ನಡಿಗೆ ಓದುತ್ತ ಕೂರುವುದು ಪರಿಹಾರವಲ್ಲ, ಹೊರಗೆ ಬರಲೇಬೇಕು. ಕೋತಿಗೆ ಹೊರಗೆ ಚಿರತೆ ಇದೆ. ನಮಗೆ ಅಣ್ಣತಮ್ಮಂದಿರು, ಪೊಲೀಸು, ಕಾನೂನು ಇವೆ, ಇರಬೇಕು.

ಇನ್ನು ನನಗೆ ತೀರ ನೋವು ಕೊಡುವ ಟಿಪ್ಪಣಿಗಳು. ಗುಂಪಿನ ಬಲಶಾಲಿ ಗಂಡು ಎರಡನೆಯ ಗಂಡನ್ನು ಹೆದರಿಸುತ್ತದೆ. ಅದು ಹಲ್ಲು ಕಿರಿದು, ಅಂದರೆ ಶರಣಾಗಿ, ಹಿಂದೆ ಸರಿಯುತ್ತದೆ. ಸರಿದ ದಾರಿಯಲ್ಲೇ ಒಂದು ಹರೆಯದ ಕೋತಿಯನ್ನು ಹಿಡಿದು ಕಚ್ಚುತ್ತದೆ. ಕಚ್ಚಿಸಿಕೊಂಡದ್ದು ಕಿರಿಚುತ್ತ ಓಡಿ ಮರಿಯೊಂದರ ಬಾಲ ಜಗ್ಗುತ್ತದೆ. ಮರಿಗೆ ಯಾರೂ ಸಿಗುವುದಿಲ್ಲ, ಅದು ತಾಯಿಯ ಹೊಟ್ಟೆಗೆ ಅವಚಿಕೊಳ್ಳುತ್ತದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ನಮ್ಮ ಹಿರಿಯರು ನೋಡಿ ಹೇಳಿದ್ದು ಇದನ್ನೇ. ಸಪೋಲ್‌ಸ್ಕಿಯ ಅಳತೆಗಳಲ್ಲಿ, ಸೋತ ಮೇಲೆ ಹೀಗೆ ಇನ್ನೊಬ್ಬರ ಮೇಲೆ ತೀರಿಸಿಕೊಳ್ಳುವ ಬಬೂನ್‌ಗಳಿಗೂ ಒತ್ತಡ ಕಡಿಮೆಯೇ. ಮೈಗೆ ಅದು ನಿಜವಾಗಿ ಹಗುರ ತರುತ್ತದೆ. ಮೇಲಿನವರಿಂದ ಬೈಸಿಕೊಂಡವರು ಮನೆಗೆ ಬಂದು ಮಗುವಿನ ಮೇಲೆ ರೇಗುವುದು ಇಷ್ಟು ಸಾಮಾನ್ಯ ಆಗಿರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಒಬ್ಬ ಸಿಡುಕನಿಂದ ಎಷ್ಟು ಜನ ನೊಂದರು ಎಂದು ಎಣಿಸುವಾಗ ಅವನ ಎದುರು ನಿಂತವರನ್ನು ಮಾತ್ರ ಎಣಿಸಿದರೆ ಸಾಲದು. ಆ ಮರಿಯ ತನಕ ಎಣಿಸಬೇಕು.

ಹರಕು ಕಿವಿಯೂ ಮರಿಗಳನ್ನು ಗದರುವುದುಂಟು. ಗೆಳತಿ ಹತ್ತಿರ ಇರುವ ದಿನಗಳಲ್ಲಿ ಅದನ್ನು ನಾನು ಕಂಡಿದ್ದು ಕಡಿಮೆ.

ಈ ಗುಂಪು ಸದಾ ಜಗಳಗಂಟಿ ಎಂದು ತಿಳಿಯಬಾರದು. ಪ್ರವಾಸಿಗರು ಕಡಿಮೆ ಇರುವ ದಿನ ಅವು ಕಾಡಿನೊಳಗೆ ಚದುರಿ, ಎಲೆ, ಕಾಯಿ, ಹುಳ ಹುಡುಕುತ್ತ ಹೊತ್ತು ಕಳೆಯುತ್ತವೆ. ಆಲದ ಹಣ್ಣು ಮರದ ತುಂಬ ಇರುವಾಗ ಹಿರಿಯಳೂ ಹರಕು ಕಿವಿಯೂ ಒಂದೇ ಮರದ ಬೇರೆ ಬೇರೆ ಕೊಂಬೆಯಲ್ಲಿ ಗಂಟೆಗಟ್ಟಲೆ ಉಣ್ಣುತ್ತಾರೆ, ಒಂದು ಗುಟುರೂ ಇರುವುದಿಲ್ಲ. ಆಷಾಢ ಶುಕ್ರವಾರ ಬಂದರೆ ಎಲ್ಲ ಬದಲಾಗುತ್ತದೆ. ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಜನ ಹತ್ತುತ್ತಾರೆ, ಬಾಳೆಹಣ್ಣಿನ ಚಿಪ್ಪು, ಪ್ರಸಾದದ ದೊನ್ನೆ ಒಂದೇ ಕಡೆ ರಾಶಿ ಬೀಳುತ್ತವೆ. ಒಂದು ಕೈಯಳತೆಯ ಜಾಗದಲ್ಲಿ ಎಲ್ಲರಿಗೂ ಬೇಕಾದ್ದು ಬಿದ್ದರೆ ಯಾರು ಮೇಲೆ, ಯಾರು ಕೆಳಗೆ ಎನ್ನುವುದು ಆ ಗಳಿಗೆಯಲ್ಲೇ ತೀರ್ಮಾನ ಆಗಬೇಕು. ಅಂದು ಹಿರಿಯಳ ಹುಬ್ಬು ಇಳಿಯುವುದೇ ಇಲ್ಲ. ಮರದಲ್ಲಿ ಸುಮ್ಮನಿದ್ದವಳೂ ಅವಳೇ. ಎಲ್ಲರ ಕೆಲಸವೂ ಒಬ್ಬ ಗುಮಾಸ್ತರ ಒಂದೇ ಕಿಂಡಿಯಲ್ಲಿ ಆಗಬೇಕಾದ ಕಚೇರಿಗಳಲ್ಲಿ ಜನ ಯಾಕೆ ಕೆಂಡವಾಗಿರುತ್ತಾರೆ ಎಂದು ಕೇಳುವವರು, ಆ ಕಿಂಡಿಯನ್ನೂ ನೋಡಬೇಕು.

ಜನ ಸಿಟ್ಟಿನ ಕೋತಿಯನ್ನು ತಾವಾಗಿ ತಯಾರಿಸುವುದನ್ನೂ ಇಲ್ಲಿ ನೋಡಬಹುದು. ನೇರ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಅವುಗಳ ಭಾಷೆಯಲ್ಲಿ ಸವಾಲು. ಮಕ್ಕಳು ಅದನ್ನೇ ಮಾಡುತ್ತಾರೆ. ದೊಡ್ಡವರು ಪೊಟ್ಟಣ ಬೆನ್ನ ಹಿಂದೆ ಬಚ್ಚಿಟ್ಟು ಓಡುತ್ತಾರೆ. ಕೋತಿ ಎದುರಾದರೆ ನಾನು ನೋಟ ಪಕ್ಕಕ್ಕೆ ಹೊರಳಿಸಿ, ಎರಡೂ ಅಂಗೈ ಬಿಡಿಸಿ ತೋರಿಸಿ, ಓಡದೆ ಓರೆಯಾಗಿ ನಡೆದುಬಿಡುತ್ತೇನೆ. ಸೋತೆ ಎಂಬ ಭಾವನೆ ಬರುವುದಿಲ್ಲ. ಅಂಗೈಯಲ್ಲಿ ಏನೂ ಇಲ್ಲ ಎಂದು ಕಂಡ ಮೇಲೆ ಕೋತಿಗೆ ನನ್ನಲ್ಲಿ ಆಸಕ್ತಿ ಉಳಿಯುವುದಿಲ್ಲ. ಕೆಣಕಿ ನಮ್ಮ ಬಾಯಿಂದ ಒಂದು ಮಾತು ಹೊರಡಿಸಿ, ಅದನ್ನೇ ಹಿಡಿದು ದಿನವಿಡೀ ಜಗ್ಗುವ ಮನುಷ್ಯರ ಜೊತೆಯೂ ಇದು ನಡೆಯುತ್ತದೆ. ಅವರಿಗೆ ನಮ್ಮ ಮಾತೇ ಪೊಟ್ಟಣ.

ಸಪೋಲ್‌ಸ್ಕಿಯ ಒಂದು ಬಬೂನ್ ಗುಂಪಿನ ಕಥೆ ಇಲ್ಲಿ ಹೇಳಲೇಬೇಕು. ಪ್ರವಾಸಿ ವಸತಿಯೊಂದರ ಕಸದ ಗುಂಡಿಗೆ ಜಗಳವಾಡಿ ನುಗ್ಗುತ್ತಿದ್ದ ಗಂಡುಗಳು, ಅಲ್ಲಿನ ಸೋಂಕು ತಗುಲಿದ ಮಾಂಸ ತಿಂದು 1980ರ ದಶಕದಲ್ಲಿ ಕ್ಷಯ ಬಂದು ಸತ್ತವು. ಗುಂಪಿನಲ್ಲಿ ಉಳಿದದ್ದು ಹೆಣ್ಣುಗಳು ಮತ್ತು ಸಾಧು ಸ್ವಭಾವದ ಗಂಡುಗಳು. ಕೆಳಗಿನವರನ್ನು ಸುಮ್ಮಸುಮ್ಮನೆ ಹೊಡೆಯುವುದು ಇಳಿಯಿತು, ಮೈ ಬಿಡಿಸುವುದು ಹೆಚ್ಚಿತು. ಅಚ್ಚರಿಯೆಂದರೆ, ವರ್ಷಗಳ ಮೇಲೆ ಆ ಹಳೆಯ ಗಂಡುಗಳೆಲ್ಲ ಹೋಗಿ, ಹೊರಗಿನಿಂದ ಹೊಸ ಗಂಡುಗಳು ಬಂದು ಸೇರಿದ ನಂತರವೂ ಗುಂಪಿನ ನಡವಳಿಕೆ ಹಾಗೇ ಉಳಿದಿತ್ತು. ಬಂದವರನ್ನು ಅಲ್ಲಿನ ಹೆಣ್ಣುಗಳು ಬೇರೆ ಗುಂಪುಗಳಿಗಿಂತ ಬೇಗ ಹತ್ತಿರ ಬಿಟ್ಟುಕೊಂಡು, ಮೈ ಬಿಡಿಸುತ್ತಿದ್ದವು. ಸಪೋಲ್‌ಸ್ಕಿಯ ಈ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಹೊಸಬರು ಅಲ್ಲಿಯ ರೀತಿ ಕಲಿತರು.

ನಮ್ಮ ಬಂಡೆಯ ಗುಂಪಿಗೂ ಈಗ ಹೊಸ ಗಂಡೊಂದು ಬಂದಿದೆ. ಬಲ ತೊಡೆಯ ಮೇಲೆ ಮಾಯದ ಗಾಯ, ತುಸು ಕುಂಟು. ಲಂಟಾನದ ಅಂಚಿನಲ್ಲಿ ಕೂತು ದೂರದಿಂದಲೇ ತುಟಿ ಬಡಿಯುತ್ತದೆ. ಹಿರಿಯಳ ಹೆಣ್ಣುಮಕ್ಕಳು ಅದನ್ನು ಅಟ್ಟಿದರು, ಅದು ಹಲ್ಲು ಕಿರಿದು ಹಿಂದೆ ಸರಿದು, ಮತ್ತೆ ಅದೇ ಅಂಚಿಗೆ ಬಂದು ಕೂತಿತು. ಮೊನ್ನೆ ಹರಕು ಕಿವಿ ಅದರ ಪಕ್ಕದಿಂದ ಹಾದು ಹೋದಳು, ಅವಸರ ಮಾಡಲಿಲ್ಲ. ಆ ಗಂಡು ಯಾವ ಮರಿಯನ್ನೂ ಇನ್ನೂ ಕಚ್ಚಿಲ್ಲ. ಆಷಾಢದ ರಾಶಿ ಬಿದ್ದಾಗ ಏನು ಮಾಡುತ್ತದೋ ನೋಡಿ ಬರೆದುಕೊಳ್ಳಬೇಕು.