ದುಡ್ಡು ಕೊಟ್ಟ ಫೋನ್ ನಿಮ್ಮದು, ಅದರ ಬೀಗ ಯಾರ ಕೈಯಲ್ಲಿ? 'ರಿಪೇರಿ ಹಕ್ಕು' ಭಾರತದಲ್ಲಿ ಎಲ್ಲಿಗೆ ಬಂತು?

ಫೋನ್ ಕೈಜಾರಿ ಬಿದ್ದು ಸ್ಕ್ರೀನ್ ಒಡೆದರೆ ಮೊದಲು ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋಗುತ್ತೇವೆ. ಅಲ್ಲಿ ಹೇಳುವ ರೇಟು ಕೇಳಿದ ಮೇಲೆ, ಇನ್ನಷ್ಟು ಸೇರಿಸಿದರೆ ಹೊಸ ಫೋನೇ ಬರುತ್ತದಲ್ಲ ಅನ್ನಿಸುತ್ತದೆ. ಕೊನೆಗೆ ಹೆಚ್ಚಿನವರು ಹೋಗಿ ನಿಲ್ಲುವುದು ಮುಂಬೈನ ಲ್ಯಾಮಿಂಗ್ಟನ್ ರೋಡ್, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ನೆಹರು ಪ್ಲೇಸ್, ಹೈದರಾಬಾದ್‌ನ ಜಗದೀಶ್ ಮಾರ್ಕೆಟ್‌ನಂತಹ ಜಾಗದ ಪುಟ್ಟ ಅಂಗಡಿಯೊಂದರ ಮುಂದೆ.

ಅಲ್ಲಿ ಹೊಸ ಡಿಸ್‌ಪ್ಲೇ ಕೂರಿಸುತ್ತಾರೆ. ಟಚ್ ಸರಿಯಾಗಿದೆ, ಬಣ್ಣವೂ ಸರಿಯಾಗಿದೆ. ಆದರೂ ಕೆಲವು ಫೋನ್‌ಗಳಲ್ಲಿ 'ಈ ಬಿಡಿಭಾಗವನ್ನು ಗುರುತಿಸಲಾಗುತ್ತಿಲ್ಲ' ಎಂಬ ಅರ್ಥದ ಸಂದೇಶ ಬರುತ್ತದೆ. ಬ್ಯಾಟರಿ ಬದಲಿಸಿದರೆ, ಅದರ ಆರೋಗ್ಯ ಎಷ್ಟಿದೆ ಎಂದು ತೋರಿಸುವ ಅಂಕಿಯೇ ಮಾಯ. ಗ್ರಾಹಕ ರಿಪೇರಿಯವರ ಮೇಲೆ ಸಿಟ್ಟಾಗುತ್ತಾನೆ, ಡೂಪ್ಲಿಕೇಟ್ ಹಾಕಿದ್ದೀರಾ ಎಂದು ಜಗಳಕ್ಕೆ ನಿಲ್ಲುತ್ತಾನೆ. ಡೂಪ್ಲಿಕೇಟ್ ಮಾಲು ಮಾರುಕಟ್ಟೆಯಲ್ಲಿ ಇಲ್ಲವೆಂದಲ್ಲ, ಧಾರಾಳವಾಗಿದೆ. ಆದರೆ ಅದೇ ಕಂಪನಿಯ, ಅದೇ ಮಾಡೆಲ್‌ನ ಇನ್ನೊಂದು ಫೋನಿನಿಂದ ಬಿಚ್ಚಿ ತಂದ ಅಸಲಿ ಭಾಗ ಹಾಕಿದಾಗಲೂ ಹೀಗಾಗಿದೆ. ಅಂಥ ಕಡೆ ಸಮಸ್ಯೆ ಇರುವುದು ಸಾಫ್ಟ್‌ವೇರ್‌ನಲ್ಲಿ.

ಬಿಡಿಭಾಗಕ್ಕೂ ಬೋರ್ಡಿಗೂ ಗಂಟು

ಇದಕ್ಕೆ 'ಪಾರ್ಟ್ಸ್ ಪೇರಿಂಗ್' ಎಂದು ಹೆಸರು. ಸ್ಕ್ರೀನ್, ಬ್ಯಾಟರಿ, ಕ್ಯಾಮೆರಾ ಮುಂತಾದ ಭಾಗಗಳಲ್ಲಿ ಸಣ್ಣದೊಂದು ಚಿಪ್ ಇರುತ್ತದೆ, ಅದರಲ್ಲಿ ಆ ಭಾಗದ ಕ್ರಮಸಂಖ್ಯೆ ಇರುತ್ತದೆ. ಫ್ಯಾಕ್ಟರಿಯಿಂದ ಹೊರಡುವಾಗ ಫೋನಿನ ಮುಖ್ಯ ಬೋರ್ಡ್ ಈ ಸಂಖ್ಯೆಗಳನ್ನು ನೆನಪಿಟ್ಟುಕೊಂಡಿರುತ್ತದೆ. ಮುಂದೆ ಸಂಖ್ಯೆ ಬದಲಾದದ್ದು ಕಂಡರೆ ಎಚ್ಚರಿಕೆ ಸಂದೇಶ ಕೊಡುತ್ತದೆ, ಇಲ್ಲವೇ ಆ ಭಾಗದ ಕೆಲವು ಸೌಲಭ್ಯಗಳನ್ನು ನಿಲ್ಲಿಸುತ್ತದೆ. ಹೊಸ ಭಾಗವನ್ನು 'ಇದೂ ನಮ್ಮದೇ' ಎಂದು ಒಪ್ಪಿಸಲು ಕಂಪನಿಯ ಸರ್ವರ್ ಅನುಮತಿ ಬೇಕು. ಬಹುಕಾಲ ಆ ಅನುಮತಿ ಸಿಗುತ್ತಿದ್ದದ್ದು ಕಂಪನಿ ಒಪ್ಪಿದ ರಿಪೇರಿ ಕೇಂದ್ರಗಳಿಗೆ ಮಾತ್ರ.

ನಮ್ಮ ರಿಪೇರಿಯವರು ಇದಕ್ಕೂ ದಾರಿ ಹುಡುಕಿಕೊಂಡಿದ್ದಾರೆ. ಒಡೆದ ಡಿಸ್‌ಪ್ಲೇಯಲ್ಲಿರುವ ಸಾಸಿವೆಯಷ್ಟು ಚಿಪ್ಪನ್ನು ಸೂಕ್ಷ್ಮದರ್ಶಕದ ಕೆಳಗೆ ಕಿತ್ತು ಹೊಸ ಡಿಸ್‌ಪ್ಲೇಗೆ ಬೆಸುಗೆ ಹಾಕುವವರಿದ್ದಾರೆ, ಹಳೆಯದರ ಮಾಹಿತಿಯನ್ನು ಹೊಸದಕ್ಕೆ ನಕಲು ಮಾಡುವ ಯಂತ್ರ ಇಟ್ಟುಕೊಂಡವರೂ ಇದ್ದಾರೆ. ಸ್ಕ್ರೂ ಬಿಚ್ಚಿ ಹಾಕಿದರೆ ಮುಗಿಯಬೇಕಿದ್ದ ಕೆಲಸಕ್ಕೆ ಹೀಗೆ ಅಕ್ಕಸಾಲಿಯ ಕುಸುರಿ ಬೇಕಾಗಿದೆ. ಅದರ ಕೂಲಿ ಸೇರುವುದು ಗ್ರಾಹಕನ ಬಿಲ್ಲಿಗೇ.

ಈ ಜಗಳ ಜಗತ್ತಿನ ಗಮನಕ್ಕೆ ಬಂದದ್ದು 2016ರಲ್ಲಿ, 'ಎರರ್ 53' ಎಂಬ ಹೆಸರಿನಲ್ಲಿ. ಹೊರಗಿನ ಅಂಗಡಿಯಲ್ಲಿ ರಿಪೇರಿಯಾಗಿದ್ದ ಕೆಲವು ಐಫೋನ್‌ಗಳು ಐಒಎಸ್ ಅಪ್‌ಡೇಟ್ ಹಾಕಿದ ತಕ್ಷಣ ಪೂರ್ತಿ ನಿಷ್ಕ್ರಿಯವಾದವು. ಬೆರಳಚ್ಚು ಗುರುತಿಸುವ ಭಾಗ ತಾಳೆಯಾಗದಿದ್ದದ್ದು ಕಾರಣ. ಆ್ಯಪಲ್ ಕ್ಷಮೆ ಕೇಳಿ ಸರಿಪಡಿಸುವ ಅಪ್‌ಡೇಟ್ ಬಿಟ್ಟಿತು. ಆದರೆ ಆಸ್ಟ್ರೇಲಿಯಾದ ಗ್ರಾಹಕ ಆಯೋಗ ಅಷ್ಟಕ್ಕೇ ಬಿಡಲಿಲ್ಲ. ಹೊರಗೆ ರಿಪೇರಿ ಮಾಡಿಸಿದ್ದೀರಿ, ಹಾಗಾಗಿ ಪರಿಹಾರ ಇಲ್ಲ ಎಂದು ಕನಿಷ್ಠ 275 ಗ್ರಾಹಕರಿಗೆ ಕಂಪನಿ ಹೇಳಿತ್ತು ಎಂಬುದು ಅದರ ಆರೋಪವಾಗಿತ್ತು. 2018ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ 90 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಹೊರಗಿನವರು ಕೈ ಹಾಕಿದ ಮಾತ್ರಕ್ಕೆ ಗ್ರಾಹಕನ ಕಾನೂನುಬದ್ಧ ಹಕ್ಕು ಹೋಗುವುದಿಲ್ಲ ಎಂಬುದು ಆ ಪ್ರಕರಣದ ತಿರುಳು.

2021ರಲ್ಲಿ ಐಫೋನ್ 13 ಬಂದಾಗ ಮತ್ತದೇ ಕಥೆ. ಹೊರಗೆ ಸ್ಕ್ರೀನ್ ಬದಲಿಸಿದರೆ ಫೇಸ್ ಐಡಿ ನಿಂತುಹೋಗುತ್ತಿತ್ತು. ಗದ್ದಲವಾದ ಮೇಲೆ ಸಾಫ್ಟ್‌ವೇರ್ ಅಪ್‌ಡೇಟ್‌ನಿಂದಲೇ ಅದು ಸರಿಹೋಯಿತು. ಒಂದು ಅಪ್‌ಡೇಟ್‌ನಿಂದ ಸರಿಯಾಗುವಂಥದ್ದು, ಮೊದಲೇ ಯಾಕೆ ಹಾಗಿತ್ತು ಎಂದು ಗ್ರಾಹಕರು ಕೇಳಿದರೆ ತಪ್ಪೇನೂ ಇಲ್ಲ.

ಕಂಪನಿಗಳ ವಾದವೂ ಪೂರ್ತಿ ಸುಳ್ಳಲ್ಲ

ಬೆರಳಚ್ಚು, ಮುಖ ಗುರುತಿಸುವ ಭಾಗಗಳನ್ನು ಯಾರು ಬೇಕಾದರೂ ಬದಲಿಸಬಹುದಾದರೆ ಫೋನಿನೊಳಗಿನ ಬ್ಯಾಂಕ್ ಆ್ಯಪ್‌ಗಳ ಗತಿಯೇನು ಎಂದು ಕಂಪನಿಗಳು ಕೇಳುತ್ತವೆ. ಕದ್ದ ಫೋನನ್ನು ಬಿಚ್ಚಿ ಬಿಡಿಭಾಗಗಳಾಗಿ ಮಾರುವ ದಂಧೆಗೂ ಇದರಿಂದ ತಡೆ ಎನ್ನುತ್ತವೆ. ಕಳಪೆ ಲೀಥಿಯಂ ಬ್ಯಾಟರಿ ಊದಿಕೊಂಡು ಬೆಂಕಿ ಹತ್ತುವ ಅಪಾಯ ಇರುವುದೂ ನಿಜ. ಇವನ್ನೆಲ್ಲ ತಳ್ಳಿಹಾಕುವಂತಿಲ್ಲ. ಆದರೆ ಕದ್ದ ಭಾಗವೋ ಅಲ್ಲವೋ ಎಂದು ನೋಡುವುದು ಬೇರೆ, ಅಸಲಿ ಭಾಗವನ್ನೂ ತನ್ನ ಅಂಗಡಿಯಲ್ಲೇ ಹಾಕಿಸಬೇಕು ಎನ್ನುವುದು ಬೇರೆ. ಮೊದಲನೆಯ ಕಾರಣ ಹೇಳಿ ಎರಡನೆಯದನ್ನು ಸಾಧಿಸಿಕೊಳ್ಳುವುದರ ಬಗ್ಗೆಯೇ ತಕರಾರು ಇರುವುದು.

ಈ ವ್ಯತ್ಯಾಸವನ್ನು ಕಾನೂನಿಗೆ ತಂದದ್ದು ಅಮೆರಿಕದ ಒರೆಗಾನ್ ರಾಜ್ಯ. 2024ರ ಮಾರ್ಚ್‌ನಲ್ಲಿ ಸಹಿ ಬಿದ್ದ ಅಲ್ಲಿನ ಕಾಯ್ದೆ, ಹೊರಗಿನ ರಿಪೇರಿಗೆ ಅಡ್ಡಿಯಾಗುವಂತೆ ಪಾರ್ಟ್ಸ್ ಪೇರಿಂಗ್ ಬಳಸುವುದನ್ನು ಹೊಸ ಸಾಧನಗಳಲ್ಲಿ ನಿಷೇಧಿಸಿತು. ಮಸೂದೆಯನ್ನು ವಿರೋಧಿಸಿದ್ದ ಆ್ಯಪಲ್, ಕಾನೂನು ಬಂದ ಮರುತಿಂಗಳೇ ಬಳಸಿದ ಅಸಲಿ ಬಿಡಿಭಾಗಗಳನ್ನೂ ರಿಪೇರಿಗೆ ಒಪ್ಪುವುದಾಗಿ ಘೋಷಿಸಿತು. ಜೊತೆಗೆ ಕದ್ದ ಫೋನಿನ ಭಾಗಗಳಿಗೆ ಮಾತ್ರ ಬೀಗ ಹಾಕುವ ವ್ಯವಸ್ಥೆಯನ್ನೂ ತಂದಿತು. ಎರಡನ್ನೂ ಒಟ್ಟಿಗೆ ಮಾಡಲು ಸಾಧ್ಯ ಎಂಬುದು ಅದರಿಂದಲೇ ಗೊತ್ತಾಯಿತು.

ಕೊಂಡ ಮೇಲೂ ಬದಲಾಗುವ ವಸ್ತು

ಬಿಡಿಭಾಗದ ವಿಷಯ ಹಾಗಿರಲಿ, ಏನನ್ನೂ ಬದಲಿಸದಿದ್ದರೂ ಕೈಯಲ್ಲಿರುವ ವಸ್ತು ನಿನ್ನೆಯಂತೆ ಇರುತ್ತದೆ ಎಂಬ ಖಾತರಿ ಇಲ್ಲ. ಹಳೆಯ ಐಫೋನ್‌ಗಳ ವೇಗವನ್ನು ಸಾಫ್ಟ್‌ವೇರ್ ಮೂಲಕ ತಗ್ಗಿಸಿದ್ದಾಗಿ 2017ರ ಡಿಸೆಂಬರ್‌ನಲ್ಲಿ ಆ್ಯಪಲ್ ಒಪ್ಪಿಕೊಂಡಿತು. ಬ್ಯಾಟರಿ ಹಳತಾದಾಗ ಫೋನ್ ಇದ್ದಕ್ಕಿದ್ದಂತೆ ಆಫ್ ಆಗುವುದನ್ನು ತಪ್ಪಿಸಲು ಹಾಗೆ ಮಾಡಿದೆವು ಎಂಬುದು ಕಂಪನಿಯ ವಿವರಣೆ. ಕಾರಣ ಸರಿಯಿದ್ದರೂ ಬಳಕೆದಾರರಿಗೆ ಅದನ್ನು ಸರಿಯಾಗಿ ತಿಳಿಸಿರಲಿಲ್ಲ. ಬ್ಯಾಟರಿಯೊಂದನ್ನು ಬದಲಿಸಿದ್ದರೆ ವೇಗ ಮರಳುತ್ತಿತ್ತು. ಅದು ಗೊತ್ತಿಲ್ಲದೆ ಫೋನೇ ಹಳತಾಯಿತು ಎಂದುಕೊಂಡು ಹೊಸದಕ್ಕೆ ದುಡ್ಡು ಸುರಿದೆವು ಎಂದು ಬಳಕೆದಾರರು ಕೋರ್ಟ್ ಮೆಟ್ಟಿಲೇರಿದರು. 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೊ ದಂಡ ಹಾಕಿತು. ಅದೇ ವರ್ಷ ಅಮೆರಿಕದಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆ 50 ಕೋಟಿ ಡಾಲರ್‌ವರೆಗಿನ ರಾಜಿಗೆ ಒಪ್ಪಿತು.

ಪ್ರಿಂಟರ್ ಇಟ್ಟುಕೊಂಡವರಿಗೂ ಈ ಅನುಭವ ಹೊಸದಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿಯ ಹಲವು ಪ್ರಿಂಟರ್‌ಗಳು, ಅಲ್ಲಿಯವರೆಗೆ ನಡೆಯುತ್ತಿದ್ದ ಬೇರೆ ಕಂಪನಿಯ ಇಂಕ್ ಕಾರ್ಟ್ರಿಜ್‌ಗಳನ್ನು ಒಮ್ಮೆಲೇ ನಿರಾಕರಿಸಿದವು. ಅದೇ ವರ್ಷ ಮೇನಲ್ಲಿ, ಸುಮಾರು 300 ಡಾಲರ್ ಬೆಲೆಯ 'ರಿವಾಲ್ವ್' ಎಂಬ ಸ್ಮಾರ್ಟ್ ಹೋಮ್ ಸಾಧನ ಪೂರ್ತಿ ಸತ್ತುಹೋಯಿತು. ಅದನ್ನು ಕೊಂಡುಕೊಂಡಿದ್ದ ಗೂಗಲ್ ಬಳಗದ ನೆಸ್ಟ್ ಸಂಸ್ಥೆ ಸರ್ವರ್ ನಿಲ್ಲಿಸಿದ್ದೇ ಕಾರಣ. ವಸ್ತು ಕೆಟ್ಟಿರಲಿಲ್ಲ, ಮನೆಯಲ್ಲಿ ಹಾಗೇ ಇತ್ತು.

ಇ-ಪುಸ್ತಕದ ವಿಷಯದಲ್ಲಂತೂ ವಸ್ತುವೇ ಉಳಿಯಲಿಲ್ಲ. 2009ರಲ್ಲಿ ಅಮೆಜಾನ್ ಗ್ರಾಹಕರ ಕಿಂಡಲ್‌ಗಳಿಂದ ಅವರು ಹಣ ಕೊಟ್ಟು ಕೊಂಡಿದ್ದ ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತು. ಪ್ರಕಾಶಕರಿಗೆ ಮಾರುವ ಹಕ್ಕಿರಲಿಲ್ಲ ಎಂಬುದು ಕಾರಣ, ಗ್ರಾಹಕರಿಗೆ ಹಣ ವಾಪಸಾಯಿತು. ಅಳಿಸಿದ ಪುಸ್ತಕಗಳಲ್ಲಿ ಒಂದು ಜಾರ್ಜ್ ಆರ್ವೆಲ್ ಅವರ '1984' ಎಂಬುದು ಕಾಕತಾಳೀಯವಾದರೂ ಯಾರೂ ಮರೆಯಲಿಲ್ಲ. ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು.

ಭಾರತದಲ್ಲಿ ಮೊದಲ ಏಟು ಬಿದ್ದದ್ದು ಕಾರು ಕಂಪನಿಗಳಿಗೆ

ರಿಪೇರಿ ಹಕ್ಕು ವಿದೇಶದಿಂದ ಬಂದ ಹೊಸ ಮಾತು ಎಂದುಕೊಂಡವರಿಗೆ ಭಾರತೀಯ ಸ್ಪರ್ಧಾ ಆಯೋಗದ 2014ರ ಆದೇಶ ನೆನಪಿಸಬೇಕು. ಶಂಶೇರ್ ಕಟಾರಿಯಾ ಎಂಬವರು 2011ರಲ್ಲಿ ಕೊಟ್ಟ ದೂರಿನಿಂದ ಶುರುವಾದ ಪ್ರಕರಣ ಅದು. ಕಾರು ಕೊಳ್ಳುವಾಗ ಹತ್ತು ಕಂಪನಿಗಳಲ್ಲಿ ಆಯ್ಕೆ ಇರುತ್ತದೆ, ಕೊಂಡ ಮೇಲೆ ಬಿಡಿಭಾಗಕ್ಕೆ ಆ ಒಂದೇ ಕಂಪನಿ ಗತಿ ಎಂಬುದನ್ನು ಆಯೋಗ ಗುರುತಿಸಿತು. ಅಸಲಿ ಬಿಡಿಭಾಗಗಳು ಹೊರಗಿನ ಮಾರುಕಟ್ಟೆಯಲ್ಲಿ ಸಿಗದಂತೆ ಮಾಡಿದ್ದು, ದೋಷ ಪತ್ತೆಯ ಉಪಕರಣ ಮತ್ತು ಕೈಪಿಡಿಗಳನ್ನು ಸಣ್ಣ ಗ್ಯಾರೇಜ್‌ಗಳಿಗೆ ಕೊಡದಿದ್ದದ್ದು ತಪ್ಪು ಎಂದು ಹೇಳಿತು. 14 ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಬಿತ್ತು. ಅದರಲ್ಲಿ ಟಾಟಾ ಮೋಟಾರ್ಸ್ ಪಾಲೇ 1,346 ಕೋಟಿ.

ದಂಡದ ವಿಷಯ ಮೇಲ್ಮನವಿಗಳಿಗೆ ಹೋಯಿತು. ಆದರೆ ಆದೇಶದ ಒಂದು ಸಾಲು ಇಂದಿಗೂ ಮುಖ್ಯ: ಹೊರಗಿನ ಗ್ಯಾರೇಜಿಗೆ ಹೋದರೆ ವಾರೆಂಟಿ ರದ್ದು ಎಂಬ ಸಾರಾಸಗಟು ಷರತ್ತನ್ನು ಕಂಪನಿಗಳು ಹಾಕಬಾರದು ಎಂದು ಆಯೋಗ ಹೇಳಿತ್ತು. ಫೋನ್, ಲ್ಯಾಪ್‌ಟಾಪ್, ಟಿವಿಗಳ ವಾರೆಂಟಿ ಕಾರ್ಡ್ ತೆಗೆದು ನೋಡಿದರೆ ಹೆಚ್ಚುಕಡಿಮೆ ಅಂಥದ್ದೇ ಷರತ್ತು ಕಾಣುತ್ತದೆ. ಕಾರಿಗೆ ಒಪ್ಪದ್ದು ಫೋನಿಗೆ ಹೇಗೆ ಒಪ್ಪುತ್ತದೆ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡುವ ಕಾನೂನು ನಮ್ಮಲ್ಲಿಲ್ಲ. ರಿಪೇರಿ ಹಕ್ಕಿಗೆಂದೇ ಪ್ರತ್ಯೇಕ ಕಾಯ್ದೆ ಭಾರತದಲ್ಲಿ ಬಂದಿಲ್ಲ.

ಬಂದಿರುವುದು ಸಮಿತಿ, ಪೋರ್ಟಲ್, ವರದಿ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹಿರಿಯ ಅಧಿಕಾರಿ ನಿಧಿ ಖರೆ ನೇತೃತ್ವದಲ್ಲಿ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯಗಳನ್ನು ಆರಿಸಿಕೊಂಡಿತು. ಅದೇ ವರ್ಷದ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು 'ರೈಟ್ ಟು ರಿಪೇರ್' ಪೋರ್ಟಲ್ ಶುರುವಾಯಿತು. ಕಂಪನಿಗಳ ಕೈಪಿಡಿ, ವಾರೆಂಟಿ, ಬಿಡಿಭಾಗ, ಸರ್ವಿಸ್ ಸೆಂಟರ್ ಮಾಹಿತಿ ಒಂದೇ ಕಡೆ ಸಿಗಲಿ ಎಂಬುದು ಉದ್ದೇಶ. ಒಳ್ಳೆಯ ಕೆಲಸವೇ. ಆದರೆ ಮಾಹಿತಿ ಸಿಗುವುದಕ್ಕೂ ಹಕ್ಕು ಸಿಗುವುದಕ್ಕೂ ದೂರವಿದೆ. ಕಂಪನಿಯ ಸರ್ವಿಸ್ ಸೆಂಟರ್ ವಿಳಾಸ ಹುಡುಕಿಕೊಟ್ಟರೆ, ಅಲ್ಲಿಗೇ ಹೋಗಬೇಕಾದ ಅನಿವಾರ್ಯ ತಪ್ಪಿದಂತಾಗುವುದಿಲ್ಲ.

ಇದರ ಮುಂದಿನ ಹೆಜ್ಜೆ 'ರಿಪೇರಿ ಸೂಚ್ಯಂಕ'. ಭರತ್ ಖೇರಾ ಅಧ್ಯಕ್ಷತೆಯ ಸಮಿತಿ 2025ರ ಮೇನಲ್ಲಿ ವರದಿ ಸಲ್ಲಿಸಿದ್ದು, ಮೊದಲ ಹಂತದಲ್ಲಿ ಸ್ಮಾರ್ಟ್‌ಫೋನ್ ಮತ್ತು ಫೀಚರ್ ಫೋನ್‌ಗಳಿಗೆ ಅಂಕ ಕೊಡುವಂತೆ ಶಿಫಾರಸು ಮಾಡಿದೆ. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಎಷ್ಟು ಬೇಗ ಸಿಗುತ್ತದೆ, ರಿಪೇರಿ ಮಾಹಿತಿ ಇದೆಯೇ, ಸಾಫ್ಟ್‌ವೇರ್ ಅಪ್‌ಡೇಟ್ ಹೇಗೆ, ಎಂಥ ಉಪಕರಣ ಮತ್ತು ಸ್ಕ್ರೂ ಎಂಬುದರ ಮೇಲೆ ಅಂಕ. ಅದನ್ನು ಅಂಗಡಿಯಲ್ಲೂ ಆನ್‌ಲೈನ್ ಮಾರಾಟ ಪುಟದಲ್ಲೂ, ಪೆಟ್ಟಿಗೆಯ ಕ್ಯೂಆರ್ ಕೋಡ್‌ನಲ್ಲೂ ತೋರಿಸಬೇಕು. ಫ್ರಾನ್ಸ್‌ನಲ್ಲಿ 2021ರಿಂದಲೇ ಇಂಥ ಪದ್ಧತಿ ಇದೆ.

ಇಲ್ಲಿ ಎರಡು ಕೊರತೆ ಕಾಣುತ್ತದೆ. ಅಂಕವನ್ನು ಕಂಪನಿಗಳೇ ನಿಗದಿತ ಮಾನದಂಡದ ಮೇಲೆ ಘೋಷಿಸಿಕೊಳ್ಳಬೇಕು. ಮತ್ತೆ, ಕಡಿಮೆ ಅಂಕ ಬಂದರೂ ಮಾರಾಟಕ್ಕೆ ಅಡ್ಡಿಯಿಲ್ಲ. ಐರೋಪ್ಯ ಒಕ್ಕೂಟ ಲೇಬಲ್ ಅಂಟಿಸುವುದರ ಜೊತೆಗೆ ಷರತ್ತನ್ನೂ ಹಾಕಿದೆ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಸ್ಮಾರ್ಟ್‌ಫೋನ್‌ಗಳಿಗೆ, ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗ ಮತ್ತು ಕನಿಷ್ಠ 5 ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡಲೇಬೇಕು. ಬ್ರಾಂಡ್ ಅದೇ, ಫೋನೂ ಬಹುಪಾಲು ಅದೇ. ಬರ್ಲಿನ್‌ನಲ್ಲಿ ಕೊಂಡವನಿಗೆ ಕಾನೂನಿನ ಭರವಸೆ, ಪುಣೆಯಲ್ಲಿ ಕೊಂಡವನಿಗೆ ಕಂಪನಿಯ ಮರ್ಜಿ.

ಸದ್ಯಕ್ಕೆ ಗ್ರಾಹಕ ಏನು ಮಾಡಬಹುದು?

ಕೊಳ್ಳುವ ಮೊದಲೇ ಎರಡು ಪ್ರಶ್ನೆ ಕೇಳಿ: ಸ್ಕ್ರೀನ್ ಮತ್ತು ಬ್ಯಾಟರಿ ಬದಲಿಸಲು ಎಷ್ಟು, ಅಪ್‌ಡೇಟ್ ಎಷ್ಟು ವರ್ಷ. ಹಲವು ಕಂಪನಿಗಳ ವೆಬ್‌ಸೈಟ್‌ನಲ್ಲಿ ಬಿಡಿಭಾಗಗಳ ದರಪಟ್ಟಿಯೇ ಇರುತ್ತದೆ. ಹೊರಗೆ ರಿಪೇರಿ ಮಾಡಿಸುವುದಾದರೆ ಮೊದಲು ಬ್ಯಾಕಪ್ ತೆಗೆದುಕೊಳ್ಳಿ, ಹಾಕುವ ಭಾಗ ಅಸಲಿಯೋ ಕಾಪಿಯೋ ಎಂಬುದನ್ನು ಬಿಲ್ಲಿನಲ್ಲೇ ಬರೆಸಿ, ಹಳೆಯ ಭಾಗ ವಾಪಸ್ ಕೇಳಿ.

ಹೊರಗೆ ಬಿಚ್ಚಿಸಿದ್ದೀರಿ ಎಂಬ ಒಂದೇ ನೆಪಕ್ಕೆ, ಸಂಬಂಧವೇ ಇಲ್ಲದ ದೋಷಕ್ಕೂ ವಾರೆಂಟಿ ನಿರಾಕರಿಸಿದರೆ ಅದನ್ನು ಬರಹದಲ್ಲಿ ಕೊಡುವಂತೆ ಕೇಳಿ. ಬಾಯಿಮಾತಿಗೆ ಗ್ರಾಹಕ ಆಯೋಗದಲ್ಲಿ ಬೆಲೆ ಕಡಿಮೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೂ ಮಾತನಾಡಬಹುದು, ದೆಹಲಿಯಲ್ಲಿದ್ದರೂ ಚೆನ್ನೈನಲ್ಲಿದ್ದರೂ ಸರಿ. ಅಲ್ಲಿ ಬಗೆಹರಿಯದಿದ್ದರೆ ಮುಂದಿನ ದಾರಿ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ವಾಸಿಸುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಕೊಡಬಹುದು. ಹುಬ್ಬಳ್ಳಿಯಲ್ಲಿ ಕೊಂಡ ಫೋನಿಗೆ ಪುಣೆಯಲ್ಲಿ ದೂರು ನಡೆಯುತ್ತದೆ, ಅದಕ್ಕಾಗಿ ರಜೆ ಹಾಕಿ ಊರಿಗೆ ಹೋಗಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯವಲ್ಲ. 'ಇ-ಜಾಗೃತಿ' ಪೋರ್ಟಲ್‌ನಲ್ಲಿ ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು, ಹಾಗಾಗಿ ಬಿಲ್ ಮತ್ತು ಜಾಬ್ ಶೀಟ್ ಅಲ್ಲಿಯವರೆಗಾದರೂ ಜೋಪಾನವಾಗಿರಲಿ.