ಶಾಲೆ ಇರುವುದು ವಿಂಗಡಿಸಲಿಕ್ಕೆಯೇ?

ಬೆಳೆಗಾರರ ಪತ್ರಿಕೆಯಲ್ಲಿ ಶಾಲೆಯ ವಿಚಾರವೇಕೆ ಎಂದು ಸದಸ್ಯ ಬಾಂಧವರಲ್ಲಿ ಕೆಲವರು ಹುಬ್ಬೇರಿಸಬಹುದು. ಬೋರ್ಡೋ ದ್ರಾವಣ, ಕೊಳೆರೋಗ, ಧಾರಣೆ, ಇವುಗಳ ನಡುವೆ ಪಾಟಿ ಬಳಪಕ್ಕೆ ಎಡೆಯೆಲ್ಲಿ? ಆದರೆ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ನಮ್ಮ ಲೈನುಗಳಿಗೆ ಉತ್ತರ ಕರ್ನಾಟಕದ ಕುಟುಂಬಗಳು ಬಂದು ನಿಲ್ಲುತ್ತವೆ. ಗಿಡದ ಬುಡದಲ್ಲಿ ಚೀಲ ಹಾಸಿಕೊಂಡು ತಮ್ಮನನ್ನು ಆಡಿಸುತ್ತ ಕುಳಿತ ಏಳೆಂಟು ವರ್ಷದ ಹುಡುಗಿಯನ್ನು ನಾವೆಲ್ಲ ನೋಡಿದವರೇ. ಅವಳ ಹೆಸರು ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿರುತ್ತದೆ. ಅವಳು ಇಲ್ಲಿರುತ್ತಾಳೆ.

ಅವಳು ಬಿಟ್ಟು ಬಂದ ಶಾಲೆ ಎಂಥದೆಂದು ತಿಳಿಯಲು ಕಲಬುರಗಿಯ ಕಡೆಗೆ ನೋಡೋಣ. ನಗರದ ಮೋಮಿನಪುರದಲ್ಲಿ ಮಗು ಮನೆಯಲ್ಲಿ ಆಡುವುದು ದಖನಿ ಉರ್ದು. ಬಸ್ಸಿನಲ್ಲಿ, ಕಚೇರಿಯಲ್ಲಿ ಕೇಳುವುದು ಕನ್ನಡ. ತಂದೆತಾಯಿಯ ಆಸೆ ಇಂಗ್ಲಿಷು. ಕಮಲಾಪುರದ ಕಡೆಗೆ (ಹೌದು, ಭೌಗೋಳಿಕ ಸೂಚಕ ಪಡೆದ ಕೆಂಪುಬಾಳೆಯ ಕಮಲಾಪುರವೇ) ಹೊರಟರೆ ತಾಂಡಾದ ಮಕ್ಕಳ ಮನೆಮಾತು ಲಂಬಾಣಿ. 1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಆಗ ತಿಣುಕಿದವನು ಕನ್ನಡ ಮನೆಯ ಹುಡುಗ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅವನ ಕಷ್ಟ ಕಳೆಯಿತು. ಉರ್ದು ಮಕ್ಕಳಿಗೂ ಸರಕಾರಿ ಉರ್ದು ಶಾಲೆಗಳಿವೆ. ತಾಂಡಾದ ಮಗುವಿಗೆ ಮಾತ್ರ ಶಾಲೆಯ ಮಾತು ಇಂದಿಗೂ ಪರರ ಮಾತೇ. ನಮ್ಮಲ್ಲಿ ತುಳು, ಬ್ಯಾರಿ, ಕೊಡವ ಮನೆಗಳಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಡಿಕೆಯನ್ನು ನಾವು ಚಾಲಿ, ಪಟೋರ, ಉಳ್ಳಿ, ಕೋಕ ಎಂದು ಬೇರೆಮಾಡುತ್ತೇವೆ. ಅದು ಒಣಗಿಸಿ ಸುಲಿದಾದ ಮೇಲಿನ ಕೆಲಸ. ನಮ್ಮ ಶಾಲೆಗಳು ಈ ಕೆಲಸವನ್ನು ಆರನೆಯ ವರ್ಷಕ್ಕೇ ಹಿಡಿದುಬಿಡುತ್ತವೆ. ಜೂನ್‌ನಲ್ಲಿ ಒಂದನೆಯ ಪಾಠ, ಡಿಸೆಂಬರ್‌ನಲ್ಲಿ ಹನ್ನೆರಡನೆಯದು. ಜೊತೆಗೆ ನಡೆಯಲಾರದವನು ದಡ್ಡ. ಶಾಲೆ ಸಸಿಮಡಿಯಂತಿರಬೇಕು ಎನ್ನುವವರಿದ್ದಾರೆ. ಹಿಂದುಳಿದ ಸಸಿಯನ್ನು ನಾವು ಕಿತ್ತೆಸೆಯುವುದೂ ಉಂಟಾದ್ದರಿಂದ ಆ ಹೋಲಿಕೆ ನಮಗೆ ಅಷ್ಟು ಒಪ್ಪಿಗೆಯಿಲ್ಲ.

ಇದನ್ನು ಬೇರೆ ರೀತಿ ಕಟ್ಟಲು ಸಾಧ್ಯವೇ? ಅಡಿಕೆಯ ನಾಡಾದ ಪುತ್ತೂರಿನಲ್ಲೇ ಶಿವರಾಮ ಕಾರಂತರು 1930ರ ದಶಕದಲ್ಲಿ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದ್ದರು. ಆದರೆ ಊರಿಗೊಬ್ಬ ಕಾರಂತರು ಸಿಗುವುದಿಲ್ಲ. ಸಾಮಾನ್ಯ ಸರಕಾರಿ ಶಾಲೆಯ ಸಾಮಾನ್ಯ ಮೇಷ್ಟ್ರುಗಳೇ ಮಾಡಿ ತೋರಿಸಿದ ಪ್ರಯೋಗವೊಂದಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದು ಆರಂಭಿಸಿದ 'ನಲಿ-ಕಲಿ' ಅದು. 2009-10ರಲ್ಲಿ ಇದನ್ನು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿದರು.

ಅದರ ಏರ್ಪಾಡು ಹೀಗಿದೆ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ, ನೆಲದ ಮೇಲೆ ಗುಂಪುಗುಂಪಾಗಿ ಕೂರುತ್ತಾರೆ. ಪಾಠವನ್ನು ಸಣ್ಣ ಕಾರ್ಡುಗಳಾಗಿ ಒಡೆದು, ಕಲಿಕೆಯ ಏಣಿಯೊಂದರಲ್ಲಿ ಕ್ರಮವಾಗಿ ಜೋಡಿಸಿರುತ್ತಾರೆ. ಒಂದು ಗುಂಪಿಗೆ ಮೇಷ್ಟ್ರ ಪೂರ್ಣ ಸಹಾಯ, ಇನ್ನೊಂದಕ್ಕೆ ಅರೆ ಸಹಾಯ. ಮತ್ತೊಂದರಲ್ಲಿ ಮಕ್ಕಳೇ ಪರಸ್ಪರ ಕಲಿಸುತ್ತಾರೆ. ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಮಕ್ಕಳ ಚಿತ್ರ, ಕೈಕೆಲಸಗಳನ್ನು ತಲೆಯ ಮೇಲೆ ಕಟ್ಟಿದ ತಂತಿಯ ಚಪ್ಪರಕ್ಕೆ ತೂಗುಹಾಕುತ್ತಾರೆ. ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೊಂದು: ಮಗು ಎರಡು ತಿಂಗಳು ಬಾರದಿದ್ದರೂ, ಬಂದ ದಿನ ಏಣಿಯಲ್ಲಿ ತಾನು ಬಿಟ್ಟ ಮೆಟ್ಟಿಲನ್ನೇ ಹುಡುಕಿಕೊಂಡು ಮುಂದಿನ ಕಾರ್ಡು ಎತ್ತಿಕೊಳ್ಳಬಹುದು. ತರಗತಿ ಅವಳನ್ನು ಬಿಟ್ಟು ಮುಂದೆ ಹೋಗಿರುವುದಿಲ್ಲ. ಗುಳೆ ಹೋಗುವ ಕುಟುಂಬದ ಮಗುವಿಗೆ ಇದಕ್ಕಿಂತ ಹೊಂದುವ ಶಾಲೆಯನ್ನು ನಾವು ಕೇಳಿಲ್ಲ.

ಹಾಗೆಂದು ಎಲ್ಲವೂ ಸರಿಯಾಗಿದೆ ಎನ್ನಲಾರೆವು. ಒಬ್ಬರೇ ಶಿಕ್ಷಕರು ಮೂರು ತರಗತಿ ಹಿಡಿದು, ದಾಖಲೆಗಳನ್ನೂ ತುಂಬಬೇಕಾದರೆ ಕಾರ್ಡುಗಳು ಕಪಾಟಿನಲ್ಲೇ ಉಳಿಯುತ್ತವೆ. ಏಣಿ ಮೂರನೆಯ ತರಗತಿಗೆ ಮುಗಿಯುತ್ತದೆ. ನಾಲ್ಕನೆಯದಕ್ಕೆ ಬಂದರೆ ಮತ್ತೆ ಹಳೆಯ ಬೆಂಚು, ಹಳೆಯ ಓಟ. ಐದನೆಯವರೆಗಾದರೂ ಈ ಕ್ರಮವನ್ನು ಒಯ್ಯಬೇಕು, ಮಗು ಎಷ್ಟನೆಯ ಮೆಟ್ಟಿಲಲ್ಲಿದೆ ಎಂಬ ಚೀಟಿ ಮಗುವಿನ ಜೊತೆಯಲ್ಲೇ ಊರೂರಿಗೆ ಬರಬೇಕು ಎಂಬುದು ನಮ್ಮ ಅಭಿಪ್ರಾಯ.

ಚೀಟಿ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. 2010ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಟಿ.ಸಿ. ತಡವಾಯಿತೆಂದು ಶಾಲೆ ಹಿಂದಕ್ಕೆ ಕಳಿಸುವಂತಿಲ್ಲ; ವರ್ಷದ ನಡುವೆ ಬಂದಿತೆಂದೂ ಬೇಡವೆನ್ನುವಂತಿಲ್ಲ. ಗುಳೆ ಬಂದವರ ಮಕ್ಕಳಿಗೆಂದೇ ಟೆಂಟ್ ಶಾಲೆ ನಡೆಸಿದ ಉದಾಹರಣೆಗಳೂ ರಾಜ್ಯದಲ್ಲಿವೆ. ನಮ್ಮ ಗುಡ್ಡದ ಶಾಲೆಗಳೋ ಮಕ್ಕಳಿಲ್ಲದೆ ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಕೊಯ್ಲಿನ ಮೇಸ್ತ್ರಿಯೊಡನೆ ಆಳುಗಳ ಲೆಕ್ಕ ಮಾತಾಡುವಾಗಲೇ ಜೊತೆಯಲ್ಲಿ ಬರುವ ಮಕ್ಕಳೆಷ್ಟು, ವಯಸ್ಸೆಷ್ಟು ಎಂದು ಕೇಳಿ ಬರೆದುಕೊಂಡು, ಆ ಪಟ್ಟಿಯನ್ನು ನವೆಂಬರ್‌ಗೆ ಮೊದಲೇ ಹತ್ತಿರದ ಮುಖ್ಯೋಪಾಧ್ಯಾಯರಿಗೆ ಮುಟ್ಟಿಸಿದರೆ ಬಿಸಿಯೂಟದ ಅಕ್ಕಿಗೂ ಪುಸ್ತಕಕ್ಕೂ ಅವರು ಸಕಾಲದಲ್ಲಿ ಬರೆಯಬಹುದು. ಬೆಳಿಗ್ಗೆ ಆಳುಗಳನ್ನು ತರುವ ಜೀಪು ಶಾಲೆಯ ಮುಂದೆಯೇ ಹಾದುಬರುವ ತೋಟಗಳು ನಮ್ಮಲ್ಲಿ ಎಷ್ಟೋ ಇವೆ.